ಮಗುವಿಗೆ ಬಣ್ಣ ಕಲಿಸುವವರು ಯಾರು?

ಮೂರು ನಾಲ್ಕು ವರ್ಷದ ಮಗುವಿಗೆ ಬಣ್ಣಗಳ ಹೆಸರು ಕಲಿಸುವುದನ್ನು ನಾವು ಯಾರೂ ಧರ್ಮಕ್ಕೆ ಸಂಬಂಧಿಸಿದ ಕೆಲಸವೆಂದು ಎಣಿಸುವುದಿಲ್ಲ. ಬಿಸ್ಮಿ ಹೇಳಿಸುವಾಗ, ಕಲಿಮಾ ಕಲಿಸುವಾಗ, ಬಲಗೈಯಲ್ಲಿ ಉಣ್ಣುವ ಅಭ್ಯಾಸ ಮಾಡಿಸುವಾಗ ಇರುವ ಎಚ್ಚರ ಇಲ್ಲಿ ಇರುವುದಿಲ್ಲ. ಅಂಗನವಾಡಿಯ ಗೋಡೆಯಲ್ಲೊಂದು ಪಟವಿದೆ. ಸೇಬು ಕೆಂಪು, ಎಲೆ ಹಸಿರು, ಬಾಳೆಹಣ್ಣು ಹಳದಿ. ಮಗು ಒಪ್ಪಿಸಿದರೆ ಪಾಠ ಮುಗಿಯಿತು. ಈಗಂತೂ ಆ ಕೆಲಸವನ್ನೂ ಮೊಬೈಲ್ ಫೋನಿಗೆ ವಹಿಸಿಬಿಟ್ಟಿದ್ದೇವೆ. ನಾನೂ ಇದು ಸಣ್ಣ ವಿಷಯವೆಂದೇ ತಿಳಿದಿದ್ದೆ. ಹುದಿಕೇರಿಯಲ್ಲಿ ಮಗಳ ಮನೆಯಲ್ಲಿ ಒಂದು ಜನವರಿ ತಿಂಗಳನ್ನು ಕಳೆದ ಮೇಲೆ ಆ ತಿಳುವಳಿಕೆ ಉಳಿಯಲಿಲ್ಲ.

ಹುದಿಕೇರಿ ದಕ್ಷಿಣ ಕೊಡಗಿನ ಊರು. ಪೊನ್ನಂಪೇಟೆಯಿಂದ ಶ್ರೀಮಂಗಲ, ಕುಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಏರಿನಲ್ಲಿ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ. ನಾಲ್ಕು ವರ್ಷದ ಮೊಮ್ಮಗಳ ಕೈ ಹಿಡಿದು ದಿನಕ್ಕೊಮ್ಮೆ ನಡೆಯಲು ಹೊರಡುತ್ತಿದ್ದೆ. ಈ ಭಾಗದವರಿಗೆ ಹೇಳಬೇಕಾದ ಮಾತಲ್ಲ, ಹೊರಗಿನಿಂದ ಬರುವವರಿಗೆ ಹೇಳುತ್ತೇನೆ: ಇಲ್ಲಿ ನಸುಕಿನಲ್ಲೋ ಮಗ್ರಿಬ್ ಹೊತ್ತಿಗೋ ಮಕ್ಕಳನ್ನು ಕರೆದುಕೊಂಡು ತೋಟದ ಒಳದಾರಿಯಲ್ಲಿ ನಡೆಯಬಾರದು. ಆನೆಗಳ ಕಾಟ ಇದ್ದೇ ಇದೆ. 2021ರಲ್ಲಿ ಈ ಸೀಮೆಯಲ್ಲಿ ಹುಲಿ ಮನುಷ್ಯರ ಮೇಲೆರಗಿ ಜೀವ ತೆಗೆದದ್ದನ್ನು ಜನ ಮರೆತಿಲ್ಲ. ನಾವು ಬಿಸಿಲೇರಿದ ಮೇಲೆ, ಜನರ ಓಡಾಟವಿರುವ ರಸ್ತೆಯ ಬದಿಯಲ್ಲೇ ನಡೆಯುತ್ತಿದ್ದೆವು. ಅಷ್ಟರಲ್ಲೇ ಒಂದು ಮಗುವಿನ ಕಣ್ಣಿಗೆ ಬೇಕಾದದ್ದೆಲ್ಲ ಇತ್ತು.

ಜನವರಿಯಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಒಂದೇ ರೆಂಬೆಯ ಗೊಂಚಲಿನಲ್ಲಿ ಹಸಿರು ಕಾಯಿ, ಹಳದಿಗೆ ತಿರುಗಿದ್ದು, ಕೆಂಪು ಹಣ್ಣು, ಒಣಗಿ ಕಪ್ಪಾದದ್ದು ಎಲ್ಲವೂ ಇರುತ್ತವೆ. ಪವಿತ್ರ ಕುರ್‌ಆನಿನ ಅನ್‌ಆಮ್ ಅಧ್ಯಾಯದ 99ನೆಯ ಸೂಕ್ತದಲ್ಲಿ ಅಲ್ಲಾಹನು ಮರಗಳು ಫಲ ಬಿಡುವುದನ್ನೂ ಆ ಫಲ ಮಾಗುವುದನ್ನೂ ನೋಡಿರೆಂದು ಆಜ್ಞಾಪಿಸಿದ್ದಾನೆ. ಫಲವನ್ನು ತಿನ್ನಿರಿ ಎಂಬ ಮಾತು ಬೇರೆಡೆ ಬರುತ್ತದೆ. ಇಲ್ಲಿ ನೋಡಬೇಕೆಂಬುದೇ ಆಜ್ಞೆ. ಮಾಗುವುದನ್ನು ನೋಡುವುದೆಂದರೆ ಬಣ್ಣ ಬದಲಾಗುವುದನ್ನು ನೋಡುವುದಲ್ಲದೆ ಮತ್ತೇನು? ಪಟದಲ್ಲಿರುವ ಸೇಬು ಎಂದೂ ಮಾಗುವುದಿಲ್ಲ. ಅದು ಹುಟ್ಟುವಾಗಲೇ ಕೆಂಪು.

ಒಳ್ಳೆಮೆಣಸಿನ ಬಳ್ಳಿಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಎಳೆಯ ಕಾಳು ಹಸಿರು. ಬಲಿತ ಕಾಳನ್ನು ಕೊಯ್ದು ಬಿಸಿಲಿಗೆ ಹಾಕಿದರೆ ಕಪ್ಪು. ಬಳ್ಳಿಯಲ್ಲೇ ಬಿಟ್ಟರೆ ಕೆಂಪು. ಆ ಕೆಂಪು ಹಣ್ಣನ್ನು ನೀರಿನಲ್ಲಿ ನೆನೆಹಾಕಿ ಸಿಪ್ಪೆ ಕಳೆದರೆ ಬಿಳಿ ಮೆಣಸು. ನಾಲ್ಕು ಬಣ್ಣ, ಕಾಳು ಒಂದೇ. ಅವುಗಳಲ್ಲಿ ಕಪ್ಪಾದದ್ದನ್ನೇ ನಮ್ಮ ಹಿರಿಯರು 'ಒಳ್ಳೆ' ಮೆಣಸು ಎಂದು ಕರೆದರೆಂಬುದನ್ನು ಅಂದು ನಾನು ಗಮನಿಸಿರಲಿಲ್ಲ.

ಹಾಗೆ ನಡೆಯುತ್ತಿರುವಾಗ ನಮ್ಮ ಕನ್ನಡದ ಬಣ್ಣದ ಹೆಸರುಗಳೇ ಹೊರಗಿನ ವಸ್ತುಗಳಿಂದ ಬಂದವೆಂದು ತಿಳಿಯುತ್ತದೆ. ಕಿತ್ತಳೆ, ನೇರಳೆ, ಗುಲಾಬಿ ಇವು ಮೊದಲು ಹಣ್ಣು, ಹೂವು, ಆಮೇಲೆ ಬಣ್ಣ. ಬೂದು ಎಂದರೆ ಒಲೆಯ ಬೂದಿ. ಹಳದಿ ಎಂಬುದೇ ಅರಸಿನದ ಹೆಸರು. ಹಸಿಯಾದದ್ದು ಹಸಿರು. ಹಿಂದಿನವರು ವಸ್ತುವನ್ನು ನೋಡಿ ಹೆಸರಿಟ್ಟರು. ನಾವು ಹೆಸರನ್ನು ಕಲಿಸಿ ವಸ್ತುವನ್ನು ಮರೆಸುತ್ತಿದ್ದೇವೆ. ಎರಡು ವರ್ಷದ ಮಕ್ಕಳೊಂದಿಗೆ ಪ್ರಯೋಗ ಮಾಡಿದ ಅಮೆರಿಕದ ಕೆಲವು ಮನಶ್ಶಾಸ್ತ್ರಜ್ಞರು 2010ರಲ್ಲಿ ಒಂದು ವಿಚಾರವನ್ನು ಪ್ರಕಟಿಸಿದರು. 'ಕೆಂಪು ಚೆಂಡು' ಎಂದು ಹೇಳುವುದಕ್ಕಿಂತ 'ಚೆಂಡು ಕೆಂಪಾಗಿದೆ' ಎಂದು ಹೇಳಿದರೆ ಮಗು ಬಣ್ಣವನ್ನು ಚೆನ್ನಾಗಿ ಗುರುತಿಸುತ್ತದೆಯಂತೆ. ವಸ್ತು ಮೊದಲು, ಬಣ್ಣ ಆಮೇಲೆ.

ನಡುವೆ ಒಂದು ಮಾತು. ಎಷ್ಟು ಹೇಳಿಕೊಟ್ಟರೂ ಹಸಿರು ಎಲೆಯ ನಡುವೆ ಕೆಂಪು ಹಣ್ಣು ಕಾಣದ ಮಕ್ಕಳಿರುತ್ತಾರೆ, ಹೆಚ್ಚಾಗಿ ಗಂಡುಮಕ್ಕಳು. ಅದು ಹುಟ್ಟಿನಿಂದ ಬರುವ ಬಣ್ಣಗುರುಡು. ಗಂಡುಮಗುವಿಗೆ ತಾಯಿಯ ಕಡೆಯಿಂದ ಬರುತ್ತದೆ. ಅಂಥ ಮಗುವನ್ನು ದಡ್ಡನೆಂದು ಹೊಡೆಯುವುದು ಅನ್ಯಾಯ. ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಈಗ ನಾನು ಹೇಳಬೇಕೆಂದಿದ್ದ ಘಟನೆಗೆ ಬರುತ್ತೇನೆ. ರಸ್ತೆ ಬದಿಯ ತೋಟವೊಂದರ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು. ಲೈನ್ ಮನೆಯ ಹೆಂಗಸೊಬ್ಬಳು ಕೆಲಸ ಮಾಡುತ್ತಿದ್ದಳು. ಅವಳ ಮಗಳು, ನನ್ನ ಮೊಮ್ಮಗಳ ವಯಸ್ಸಿನವಳೇ, ಪಕ್ಕದಲ್ಲಿ ಆಡುತ್ತಿದ್ದಳು. ನನ್ನ ಮೊಮ್ಮಗಳು ಕಲಿತದ್ದನ್ನೆಲ್ಲ ಉತ್ಸಾಹದಿಂದ ಒಪ್ಪಿಸುತ್ತಿದ್ದಳು. ಹಣ್ಣು ಕೆಂಪು, ಎಲೆ ಹಸಿರು, ಮಣ್ಣು ಕೆಂಪು. ಆಮೇಲೆ ಆ ಹುಡುಗಿಯತ್ತ ಬೆರಳು ತೋರಿಸಿ "ಅವಳು ಕಪ್ಪು" ಎಂದಳು. ಅಷ್ಟಕ್ಕೆ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಅವಳು ತನ್ನ ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು, "ಬಿಸಿಲಲ್ಲಿ ನಿಂತರೆ ನಾನೂ ಹಾಗೆ ಆಗ್ತೇನಂತೆ. ಬೇಡ ವೆಲ್ಲಿಮ್ಮ, ಮನೆಗೆ ಹೋಗುವ" ಎಂದಳು. ಆ ತಾಯಿಗೆ ಕೇಳಿಸಿತು. ಅವಳು ತಲೆ ಎತ್ತಲಿಲ್ಲ. ಹಣ್ಣು ಹರವುತ್ತಲೇ ಇದ್ದಳು.

ಮನೆಗೆ ಬಂದು ಮಗಳನ್ನು ಗದರಿಸಿದೆ. ಮಗುವಿಗೆ ಇಂಥ ಮಾತು ಯಾರು ಕಲಿಸಿದರೆಂದು ಕೇಳಿದೆ. ಅವಳು ಕೋಪ ಮಾಡಿಕೊಳ್ಳದೆ, "ನೀವೇ ಅಲ್ವಾ ಉಮ್ಮಾ? ನಾವು ಸಣ್ಣವರಿರುವಾಗ ದಿನಾ ಹೇಳ್ತಿದ್ರಿ" ಎಂದಳು.

ನಿಜ. ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯೆ, ಆಮೇಲೆ ಯಾರು ಕೇಳಿಕೊಂಡು ಬರುತ್ತಾರೆ ಎಂಬುದು ನನ್ನದೇ ಮಾತು. ಅದಕ್ಕಿಂತ ದೊಡ್ಡ ತಪ್ಪೂ ನನ್ನ ಲೆಕ್ಕದಲ್ಲಿದೆ. ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಆ ಹುಡುಗಿಯ ನಡತೆ, ದೀನೀ ತಿಳುವಳಿಕೆ, ಓದು ಎಲ್ಲವೂ ಒಪ್ಪಿಗೆಯಾಗಿತ್ತು. ಮನೆಗೆ ಬಂದು ನಾನು ಒಂದೇ ಮಾತು ಹೇಳಿದೆ: "ಬಣ್ಣ ಸ್ವಲ್ಪ ಕಡಿಮೆ." ಆ ಸಂಬಂಧ ಅಲ್ಲಿಗೆ ಮುರಿಯಿತು. ಈ ಮಾತನ್ನೇ ನೋಡಿ. ಮಗುವಿನ ಬಣ್ಣದ ಪೆಟ್ಟಿಗೆಯಲ್ಲಿರುವ ಕಪ್ಪು ಕಡ್ಡಿಯನ್ನು ಯಾರಾದರೂ ಬಣ್ಣ ಕಡಿಮೆಯಾದ ಕಡ್ಡಿ ಎನ್ನುತ್ತಾರೆಯೇ? ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಕಪ್ಪು ಒಂದು ಬಣ್ಣವಾಗದೆ, ಬಣ್ಣದ ಕೊರತೆಯಾಗುತ್ತದೆ.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್ ಎಂಬ ಮಹಾ ವಿದ್ವಾಂಸರು ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ದೃಷ್ಟಿಯ ಬಗ್ಗೆ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥವನ್ನು ಬರೆದರು. ಅದರಲ್ಲಿ ಅವರು ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಕಣ್ಣಿಗೆ ಮೊದಲು ಕಾಣುವುದು ಬಣ್ಣವಿದೆ ಎಂಬುದಷ್ಟೇ. ಅದು ಇಂಥ ಬಣ್ಣ ಎಂಬುದು ಅನಂತರದ ತೀರ್ಮಾನ. ಮನಸ್ಸು ಹಿಂದೆ ಕಂಡದ್ದನ್ನು ನೆನಪಿಸಿಕೊಂಡು ಮಾಡುವಂಥದ್ದು. ಹಲವು ಬಣ್ಣ ಬಳಿದ ಬುಗುರಿಯನ್ನು ತಿರುಗಿಸಿದಾಗ ಎಲ್ಲ ಬೆರೆತು ಒಂದೇ ಬಣ್ಣವಾಗಿ ಕಾಣುವುದನ್ನೂ ಅವರು ಉದಾಹರಿಸುತ್ತಾರೆ. ಈ ತೀರ್ಮಾನ ಎಷ್ಟು ಬೇಗ ನಡೆಯುತ್ತದೆಂದರೆ ನಾವು ತೀರ್ಮಾನಿಸಿದೆವೆಂದು ನಮಗೇ ತಿಳಿಯುವುದಿಲ್ಲ, ಕಣ್ಣೇ ಕಂಡಿತೆಂದು ಭಾವಿಸುತ್ತೇವೆ. ಇದನ್ನು ಓದಿದಾಗ ನನಗೆ ಕಣದ ಆ ದೃಶ್ಯ ನೆನಪಾಯಿತು. ನನ್ನ ಮೊಮ್ಮಗಳ ಕಣ್ಣು ಕಂಡದ್ದು ಒಂದು ಬಣ್ಣವನ್ನು. ಅದರ ಹೆಸರನ್ನು ಅಂಗನವಾಡಿ ಕಲಿಸಿತ್ತು. ಕೈಯನ್ನು ತೋಳಿನೊಳಗೆ ಎಳೆದುಕೊಳ್ಳುವುದನ್ನು ಮನೆ ಕಲಿಸಿತ್ತು. ಮೂರೂ ಒಂದೇ ಕ್ಷಣದಲ್ಲಿ ನಡೆದವು. ದೊಡ್ಡವಳಾದ ಮೇಲೆ ಇದು ತನ್ನ ಕಣ್ಣಿನದೇ ತೀರ್ಪು ಎಂದು ಅವಳು ನಂಬುತ್ತಾಳೆ. ಹೆಣ್ಣು ನೋಡಲು ಹೋದ ದಿನ ನಾನು ನಂಬಿದ್ದೂ ಹಾಗೆಯೇ.

ಹಾಗಾದರೆ ಮಕ್ಕಳ ಮುಂದೆ ಮನುಷ್ಯರ ಬಣ್ಣದ ಮಾತೇ ಎತ್ತಬಾರದೇ? ಕೆಲವು ಒಳ್ಳೆಯ ಮನಸ್ಸಿನವರು ಹಾಗೆ ಹೇಳುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಫಾತಿರ್ ಅಧ್ಯಾಯದ 27 ಮತ್ತು 28ನೆಯ ಸೂಕ್ತಗಳು ಮಳೆಯಿಂದ ಹೊರಡುವ ಬಗೆಬಗೆಯ ಬಣ್ಣದ ಫಲಗಳನ್ನು, ಬೆಟ್ಟಗಳ ಬಿಳಿ, ಕೆಂಪು ಹಾಗೂ ಕಡುಗಪ್ಪು ಪಟ್ಟೆಗಳನ್ನು ತೋರಿಸಿ, ಅದೇ ಸಾಲಿನಲ್ಲಿ ಮನುಷ್ಯರ, ಪ್ರಾಣಿಗಳ, ಜಾನುವಾರುಗಳ ಬಣ್ಣವೈವಿಧ್ಯವನ್ನೂ ತೋರಿಸುತ್ತವೆ. ರೂಮ್ ಅಧ್ಯಾಯದ 22ನೆಯ ಸೂಕ್ತವು ನಮ್ಮ ಭಾಷೆಗಳ ಮತ್ತು ಬಣ್ಣಗಳ ವ್ಯತ್ಯಾಸವನ್ನು ಜ್ಞಾನವುಳ್ಳವರಿಗೆ ದೃಷ್ಟಾಂತವೆನ್ನುತ್ತದೆ. ಅಲ್ಲಾಹನು ನೋಡಲು ಹೇಳಿದ್ದನ್ನು ನಾವು ಮುಚ್ಚಿಡುವುದು ಏಕೆ? ಅಲ್ಲಿ ವ್ಯತ್ಯಾಸವಿದೆ, ಮೇಲು ಕೀಳು ಇಲ್ಲ. ಮೇಲು ಕೀಳನ್ನು ತಂದವರು ನಾವು. ಹಿಜ್‌ರಿ 10ರ ವಿದಾಯ ಹಜ್ಜ್‌ನ ಭಾಷಣದಲ್ಲಿ ಕರಿಯನ ಮೇಲೆ ಬಿಳಿಯನಿಗಾಗಲಿ ಬಿಳಿಯನ ಮೇಲೆ ಕರಿಯನಿಗಾಗಲಿ ತಖ್ವಾದಿಂದಲ್ಲದೆ ಯಾವ ಶ್ರೇಷ್ಠತೆಯೂ ಇಲ್ಲವೆಂದು ಪ್ರವಾದಿ(ಸ)ಯವರು ಸಾರಿದ್ದನ್ನು ಬಲ್ಲದವರಾರು? ಬಲ್ಲವರೇ ಹೆಣ್ಣು ನೋಡಲು ಹೋಗುವುದು.

ಪರಲೋಕದಲ್ಲಿ ಕೆಲವು ಮುಖಗಳು ಬೆಳಗುವುವು, ಕೆಲವು ಕಪ್ಪಾಗುವುವು ಎಂದು ಕುರ್‌ಆನಿನಲ್ಲೇ ಇದೆಯಲ್ಲ ಎಂದು ಒಬ್ಬ ಸಹೋದರಿ ನನ್ನನ್ನು ಕೇಳಿದರು. ಅದು ಚರ್ಮದ ಮಾತಲ್ಲ, ಸಂತೋಷ ಮತ್ತು ದುಃಖದ ಮಾತು. ನಹ್ಲ್ ಅಧ್ಯಾಯದ 58ನೆಯ ಸೂಕ್ತದಲ್ಲಿ ಹೆಣ್ಣುಮಗು ಹುಟ್ಟಿತೆಂಬ ಸುದ್ದಿ ಕೇಳಿದ ಅರಬನ ಮುಖ ಕಪ್ಪಾಗುತ್ತದೆ. ಕನ್ನಡದಲ್ಲೂ ನಾವು ಮುಖ ಕಪ್ಪಿಟ್ಟಿತು ಎನ್ನುವುದಿಲ್ಲವೇ? ಅದೇ ಅರಬರು ಇರಾಕಿನ ಫಲವತ್ತಾದ ಬಯಲಿಗೆ 'ಸವಾದ್', ಅಂದರೆ ಕಪ್ಪು, ಎಂದು ಹೆಸರಿಟ್ಟರು. ಮರುಭೂಮಿಯಿಂದ ಬರುವವರಿಗೆ ದಟ್ಟ ಹಸಿರು ಕಪ್ಪಾಗಿಯೇ ಕಂಡಿತು. ರಹ್ಮಾನ್ ಅಧ್ಯಾಯದಲ್ಲಿ ಸ್ವರ್ಗದ ಎರಡು ತೋಟಗಳನ್ನು ಬಣ್ಣಿಸುವ 64ನೆಯ ಸೂಕ್ತದ ಒಂದೇ ಪದಕ್ಕೂ ಕಪ್ಪಿಗೆ ಹತ್ತಿರವಾಗುವಷ್ಟು ಗಾಢವಾದ ಹಸಿರು ಎಂದೇ ಅರ್ಥ. ನೆರಳಿನಲ್ಲಿ ಬೆಳೆದ ರೋಬಸ್ಟಾ ಎಲೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರವಾದಿ(ಸ)ಯವರು ಒಬ್ಬ ಪುಟ್ಟ ಹುಡುಗಿಗೆ ಬಣ್ಣ ತೋರಿಸಿದ ಪ್ರಸಂಗವೊಂದು ಸಹೀಹ್ ಬುಖಾರಿಯಲ್ಲಿದೆ. ಎಷ್ಟೋ ಸಲ ಓದಿದ್ದರೂ ಅದರ ಅರ್ಥ ನನಗೆ ಹುದಿಕೇರಿಯಲ್ಲೇ ಹೊಳೆಯಿತು. ಪ್ರವಾದಿ(ಸ)ಯವರ ಬಳಿಗೆ ಕೆಲವು ಬಟ್ಟೆಗಳು ಬಂದವು. ಅವುಗಳಲ್ಲಿ ಚಿತ್ತಾರವಿರುವ ಒಂದು ಸಣ್ಣ ಕಪ್ಪು ಬಟ್ಟೆಯಿತ್ತು. ಇದನ್ನು ಯಾರಿಗೆ ತೊಡಿಸೋಣವೆಂದು ಕೇಳಿದರು. ಎಲ್ಲರೂ ಸುಮ್ಮನಿದ್ದರು. ಉಮ್ಮು ಖಾಲಿದ್‌ಳನ್ನು ಕರೆತನ್ನಿರಿ ಎಂದರು. ಮುಸ್ಲಿಮರು ಅಬಿಸೀನಿಯಕ್ಕೆ ಹಿಜ್‌ರತ್ ಹೋಗಿದ್ದಾಗ ಅಲ್ಲಿ ಹುಟ್ಟಿದ ಮಗು ಅದು. ಅವಳನ್ನು ಎತ್ತಿಕೊಂಡು ಬಂದರು. ಪ್ರವಾದಿ(ಸ)ಯವರು ತಮ್ಮ ಕೈಯಿಂದಲೇ ಆ ಬಟ್ಟೆಯನ್ನು ತೊಡಿಸಿ ಹರಸಿದರು. ಅನಂತರ ಅದರಲ್ಲಿದ್ದ ಹಸಿರೋ ಹಳದಿಯೋ ಗುರುತನ್ನು ತೋರಿಸಿ, ಉಮ್ಮು ಖಾಲಿದ್, ಇದು 'ಸನಾ' ಎಂದರು. ಅದು ಅಬಿಸೀನಿಯದ ಮಾತು. ಚೆಲುವಾದದ್ದು ಎಂದು ಅರ್ಥ.

ಆ ಮಗು ಅರಬರ ಮಗಳು. ಆದರೂ ಅವಳು ಹುಟ್ಟಿದ ನಾಡಿನ ಮಾತನ್ನು, ಕರಿಯರ ಮಾತನ್ನು, ಪ್ರವಾದಿ(ಸ)ಯವರು ಆರಿಸಿಕೊಂಡರು. ಕಪ್ಪು ಬಟ್ಟೆಯ ಮೇಲಿನ ಗುರುತನ್ನು ತೋರಿಸುತ್ತ 'ಚೆಲುವು' ಎಂಬುದನ್ನು ಆ ಭಾಷೆಯಲ್ಲೇ ಹೇಳಿದರು. ಭಾಷೆ ಮತ್ತು ಬಣ್ಣವನ್ನು ಒಂದೇ ಸೂಕ್ತದಲ್ಲಿ ಜೋಡಿಸಿದ ಗ್ರಂಥವನ್ನು ತಂದವರು ಮಗುವಿನೊಂದಿಗೆ ಮಾತನಾಡಿದ ರೀತಿ ಇದು. ನನ್ನ ಮೊಮ್ಮಗಳಿಗೆ ಮನೆಯಲ್ಲಿ ಪಚ್ಚ, ಅಂಗನವಾಡಿಯಲ್ಲಿ ಹಸಿರು, ಮುಂದೆ ಮದ್ರಸದಲ್ಲಿ ಅಖ್‌ಳರ್. ಮೂರು ಭಾಷೆ ಕಲಿಸಲು ನಮಗೆ ಹೆಮ್ಮೆ. ಬಣ್ಣ ಕಂಡ ಮೇಲೆ ಮಗುವಿನ ಬಾಯಲ್ಲಿ ಬರಬೇಕಾದ ಎರಡನೆಯ ಮಾತು ಯಾವುದೆಂದು ಮಾತ್ರ ಯೋಚಿಸಿರಲಿಲ್ಲ.

ಮರುದಿನ ಮಗುವನ್ನು ಕರೆದುಕೊಂಡು ಅದೇ ಕಣಕ್ಕೆ ಹೋದೆ. ಉಪದೇಶ ಮಾಡಲಿಲ್ಲ. ನಾಲ್ಕು ವರ್ಷದ ಮಗುವಿಗೆ ಉಪದೇಶ ಹಿಡಿಸುವುದೂ ಇಲ್ಲ. ದಾರಿಯಲ್ಲಿ ಸಿಲ್ವರ್ ಓಕ್ ಎಲೆಯೊಂದನ್ನು ಎತ್ತಿಕೊಟ್ಟೆ. ಮೇಲುಗಡೆ ಹಸಿರು, ಕೆಳಗಡೆ ಬೆಳ್ಳಿ. ಇದರ ನಿಜವಾದ ಬಣ್ಣ ಯಾವುದು ವೆಲ್ಲಿಮ್ಮ ಎಂದು ಕೇಳಿದಳು. ಎರಡೂ ಎಂದೆ. ಅವಳಿಗೆ ಅದು ಸಮಾಧಾನವಾಗಲಿಲ್ಲ. ಎಲೆಯನ್ನು ತಿರುಗಿಸುತ್ತಲೇ ನಡೆದಳು.

ಕಣದಲ್ಲಿ ಆ ತಾಯಿ ಹಣ್ಣಿನ ರಾಶಿಯಿಂದ ಹಸಿರು ಕಾಯಿಗಳನ್ನು ಆರಿಸುತ್ತಿದ್ದಳು. "ನಿನ್ನೆ ನಮ್ಮ ಮಗು ಆಡಿದ ಮಾತು ಅವಳದ್ದಲ್ಲಮ್ಮ, ನಾನು ಕಲಿಸಿದ್ದು. ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದೆ. "ಮಕ್ಕಳು ಅಲ್ವಾ ಅಮ್ಮಾ" ಎಂದು ಅವಳು ನನ್ನ ಮುಖ ನೋಡದೆಯೇ ಹೇಳಿದಳು. ನಾನು ಹೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಆದರೆ ಹೆಚ್ಚು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳ ಮಗಳು ಮಾತ್ರ ಸಿಲ್ವರ್ ಓಕ್ ಎಲೆಗಾಗಿ ಕೈ ಚಾಚಿದಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ರಾಶಿಯ ಮುಂದೆ ಕುಳಿತು ಕಾಯಿ ಬೇರೆ, ಹಣ್ಣು ಬೇರೆ ಮಾಡತೊಡಗಿದರು. ಲೈನ್ ಮನೆಯ ಹುಡುಗಿ ಬಹಳ ಚುರುಕು. ನಮ್ಮವಳು ಹಳದಿಗೆ ತಿರುಗಿದ್ದನ್ನು ಯಾವ ಗುಂಪಿಗೆ ಹಾಕಬೇಕೆಂದು ತಿಳಿಯದೆ, ಪ್ರತಿ ಸಲವೂ ಅವಳ ಮುಖ ನೋಡಿ ಕೇಳುತ್ತಿದ್ದಳು.