ನಿಯಮವೂ ವಿನಾಯಿತಿಯೂ

(ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಗ್ರಂಥಾಲಯದ ಜಗುಲಿ. ಮಾತನಾಡುತ್ತಿರುವವರು ಇಬ್ಬರು: ಕಾರ್ಮಿಕ ಕಾನೂನಿನ ವ್ಯವಹಾರಗಳಲ್ಲಿಯೇ ತಲೆ ನರೆಸಿಕೊಂಡ ವಕೀಲರು; ಸರಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದ ಮಾಸ್ತರರು.)

ವಕೀಲರು: 2020ನೆಯ ಇಸವಿಯ ಆಗಸ್ಟ್ 4ರಂದು, ಪೆಸಿಫಿಕ್ ಮಹಾಸಾಗರದ ಟೋಂಗಾ ಎಂಬ ಪುಟ್ಟ ದ್ವೀಪರಾಜ್ಯವು 182ನೆಯ ಒಡಂಬಡಿಕೆಗೆ ತನ್ನ ಅನುಮೋದನೆಯನ್ನು ಸಲ್ಲಿಸಿದಾಗ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 187 ಸದಸ್ಯ ರಾಷ್ಟ್ರಗಳಲ್ಲಿ ಒಂದೂ ಉಳಿಯದಂತೆ ಎಲ್ಲವೂ ಆ ನಿಯಮಕ್ಕೆ ಬದ್ಧವಾದವು. ಮಕ್ಕಳನ್ನು ಮಾರುವುದು, ಜೀತಕ್ಕಿಡುವುದು, ಯುದ್ಧಕ್ಕೆ ಎಳೆಯುವುದು, ವೇಶ್ಯಾವೃತ್ತಿಗೆ ದೂಡುವುದು, ದೇಹಕ್ಕೂ ಶೀಲಕ್ಕೂ ಹಾನಿ ತರುವ ಕೆಲಸಗಳಿಗೆ ಹಚ್ಚುವುದು, ಇವೆಲ್ಲ ಯಾವ ದೇಶದಲ್ಲಿಯೂ ಸಲ್ಲದೆಂದು ಮನುಷ್ಯಕುಲವು ಒಕ್ಕೊರಲಿನಿಂದ ಹೇಳಿದ ಮಾತು ಅದು. ಆ ಸಂಸ್ಥೆಯ ನೂರು ವರ್ಷಗಳ ಚರಿತ್ರೆಯಲ್ಲಿ ಅದುವರೆಗೆ ಮತ್ತಾವ ಒಡಂಬಡಿಕೆಗೂ ಇಂಥ ಸರ್ವಸಮ್ಮತಿ ದೊರೆತಿರಲಿಲ್ಲ, ಮಾಸ್ತರರೇ.

ಮಾಸ್ತರರು: ಒಪ್ಪಿದೆ, ವಕೀಲರೇ. ಆದರೆ 2025ರ ಒಳಗೆ ಬಾಲದುಡಿಮೆಯನ್ನು ಸಕಲ ರೂಪಗಳಲ್ಲಿಯೂ ಕೊನೆಗಾಣಿಸುವೆವೆಂದು ಅದೇ ರಾಷ್ಟ್ರಗಳು 2015ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಮಾತು ಕೊಟ್ಟಿದ್ದವಷ್ಟೆ. ಆ ಗಡುವಿನ ವರ್ಷದಲ್ಲಿಯೇ ಪ್ರಕಟವಾದ ಅಂದಾಜಿನಂತೆ, ಲೋಕದಲ್ಲಿ ದುಡಿಯುತ್ತಿರುವ ಮಕ್ಕಳು 13.8 ಕೋಟಿ, ಅವರಲ್ಲಿ 5.4 ಕೋಟಿ ಮಕ್ಕಳದು ಅಪಾಯದ ಕೆಲಸ. ಎಲ್ಲರೂ ಸಹಿ ಹಾಕಿದ ಮೇಲೆಯೂ ಇಷ್ಟು ಮಕ್ಕಳು ಉಳಿದರೆಂದರೆ, ಆ ಸಹಿಗಳು ಇವರನ್ನು ಮುಟ್ಟಲಿಲ್ಲವೇಕೆ?

ವಕೀಲರು: ಉಳಿದ ಸಂಖ್ಯೆಯನ್ನು ಹೇಳಿದಿರಿ, ಇಳಿದ ಸಂಖ್ಯೆಯನ್ನೂ ಹೇಳಬೇಡವೆ? 2000ನೆಯ ಇಸವಿಯಲ್ಲಿ ಅದೇ ಲೆಕ್ಕ 24.6 ಕೋಟಿ ಇದ್ದಿತು. ಕಾಲು ಶತಮಾನದಲ್ಲಿ ಹತ್ತು ಕೋಟಿಗೂ ಮಿಕ್ಕ ಮಕ್ಕಳ ಹೊರೆ ಇಳಿದಿದೆ. ಅದನ್ನು ಅಲ್ಪವೆಂದು ಭಾವಿಸುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಮಾಸ್ತರರು: ಅಲ್ಪವೆನ್ನಲಾರೆ. ಆದರೆ ಅದರ ಶ್ರೇಯಸ್ಸು ನಿಯಮಕ್ಕೆ ಎಷ್ಟು, ಶಾಲೆಗೆ ಎಷ್ಟು, ತಂದೆತಾಯಿಗಳ ಕೂಲಿ ಏರಿದುದಕ್ಕೆ ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕಲ್ಲವೆ? ಜಿನೀವಾದಲ್ಲಿರುವ ಆ ಸಂಸ್ಥೆಗೆ ಪೊಲೀಸರಿಲ್ಲ, ಸೆರೆಮನೆಯಿಲ್ಲ. ಸರಕಾರಗಳು ವರದಿ ಕಳುಹಿಸುತ್ತವೆ, ತಜ್ಞರ ಸಮಿತಿ ಅದನ್ನು ಓದಿ ಅಸಮಾಧಾನವನ್ನು ದಾಖಲಿಸುತ್ತದೆ, ಸರಕಾರ ಮರುವರದಿ ಕಳುಹಿಸುತ್ತದೆ. ದಂಡಶಕ್ತಿಯಿಲ್ಲದ ಶಾಸನವು ಉಪದೇಶವಾದೀತೇ ಹೊರತು ಶಾಸನವಾಗಲಾರದೆಂದು ನನ್ನ ಸಂದೇಹ.

ವಕೀಲರು: ಆ ಸಂದೇಹಕ್ಕೆ ಉತ್ತರವಾಗಿ ಉಜ್ಬೆಕಿಸ್ತಾನದ ಕಡೆ ನೋಡಿರಿ. ಸೋವಿಯತ್ ಕಾಲದಿಂದಲೂ ಅಲ್ಲಿ ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ಶಾಲೆಗಳಿಗೆ ಬೀಗ ಬೀಳುತ್ತಿತ್ತು; ಶಿಕ್ಷಕರೇ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಬೇಕು, ಪ್ರತಿಯೊಬ್ಬ ಮಗುವೂ ದಿನಕ್ಕೆ ಇಷ್ಟು ಹತ್ತಿ ಎಂದು ತೂಗಿ ಕೊಡಬೇಕು, ಇದು ಸರಕಾರದ ಅಪ್ಪಣೆ. ಆ ದೇಶದವರೇ ಆದ ಧೈರ್ಯಶಾಲಿಗಳು ಸೆರೆಗೂ ಹೆದರದೆ ಇದನ್ನು ಹೊರಜಗತ್ತಿಗೆ ತಿಳಿಸಿದರು. ದೊಡ್ಡ ದೊಡ್ಡ ಉಡುಪಿನ ಕಂಪನಿಗಳು ಆ ಹತ್ತಿಯನ್ನು ಕೊಳ್ಳೆವೆಂದು ಪ್ರತಿಜ್ಞೆ ಮಾಡಿದವು. 2013ರಿಂದ ಕಾರ್ಮಿಕ ಸಂಸ್ಥೆಯ ವೀಕ್ಷಕರು ಹೊಲಹೊಲಕ್ಕೆ ಹೋಗಿ ನೋಡತೊಡಗಿದರು. ಮೊದಲು ಮಕ್ಕಳನ್ನು, ಅನಂತರ ಶಿಕ್ಷಕರನ್ನೂ ವೈದ್ಯರನ್ನೂ ಹೊಲಕ್ಕೆ ಅಟ್ಟುವುದನ್ನು ಸರಕಾರ ನಿಲ್ಲಿಸಬೇಕಾಯಿತು. ವ್ಯವಸ್ಥಿತವಾದ ಬಾಲದುಡಿಮೆ ಅಲ್ಲಿ ಕೊನೆಗಂಡಿತೆಂದು 2022ರಲ್ಲಿ ಸಂಸ್ಥೆಯೇ ಸಾರಿತು, ಬಹಿಷ್ಕಾರವೂ ಅದೇ ವರ್ಷ ತೆರವಾಯಿತು. ಪೊಲೀಸರಿಲ್ಲದೆಯೇ ಆದ ಕಾರ್ಯವಲ್ಲವೆ ಇದು?

ಮಾಸ್ತರರು: ಅತ್ಯಂತ ಸಂತೋಷದ ಸಂಗತಿ. ಆದರೆ ಅಲ್ಲಿ ಮಕ್ಕಳನ್ನು ಹೊಲಕ್ಕೆ ಕಳುಹಿಸುತ್ತಿದ್ದುದು ಸರಕಾರ. ಕಳುಹಿಸಬೇಡವೆಂದು ಲೋಕ ಹೇಳಿದುದೂ ಸರಕಾರಕ್ಕೆ. ಅಪರಾಧಿಯೂ ಸಹಿ ಹಾಕಿದವನೂ ಒಬ್ಬನೇ ಆಗಿದ್ದುದರಿಂದ, ಅವನ ಮನಸ್ಸು ತಿರುಗಿದೊಡನೆ ಕೆಲಸ ನಿಂತಿತು. ಮಗುವನ್ನು ಕೆಲಸಕ್ಕೆ ಕಳುಹಿಸುವುದು ಸಾಲ, ತಂದೆಯ ಕಾಯಿಲೆ, ಅಥವಾ ಮಳೆಯಿಲ್ಲದ ವರ್ಷವಾದಲ್ಲಿ, ಆ ಒತ್ತಡವನ್ನು ಯಾರ ಮೇಲೆ ಹೇರುತ್ತೀರಿ? ಢಾಕಾದಲ್ಲಿ ಆದುದು ನಿಮಗೆ ಗೊತ್ತಿರುವುದೇ.

ವಕೀಲರು: 1992ರಲ್ಲಿ ಅಮೆರಿಕದ ಸೆನೆಟಿನಲ್ಲಿ ಟಾಮ್ ಹಾರ್ಕಿನ್ ಮಂಡಿಸಿದ ಮಸೂದೆಯ ಮಾತಲ್ಲವೆ? ಮಕ್ಕಳು ತಯಾರಿಸಿದ ಸರಕನ್ನು ಆಮದು ಮಾಡಿಕೊಳ್ಳಬಾರದೆಂಬ ಮಸೂದೆ. ಅದು ಕಾನೂನಾಗಲೇ ಇಲ್ಲ.

ಮಾಸ್ತರರು: ಆಗಲಿಲ್ಲ, ಆಗಬಹುದೆಂಬ ಭೀತಿಯೇ ಸಾಕಾಯಿತು. ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳ ಮಾಲೀಕರು ಅಂದಾಜು ಐವತ್ತು ಸಾವಿರ ಮಕ್ಕಳನ್ನು, ಹೆಚ್ಚಾಗಿ ಹೆಣ್ಣುಮಕ್ಕಳನ್ನು, ಏಕಾಏಕಿ ಹೊರಗೆ ಹಾಕಿದರು. ಆ ಮಕ್ಕಳು ಶಾಲೆಗೆ ಹೋದರೆ? ಹೋಗಲು ಅವರಿಗೆ ಶಾಲೆಯೂ ಇರಲಿಲ್ಲ, ಮನೆಯಲ್ಲಿ ಹಿಟ್ಟೂ ಇರಲಿಲ್ಲ. ಹುಡುಕಿಕೊಂಡು ಹೋದವರಿಗೆ ಅವರಲ್ಲಿ ಹಲವರು ಕಲ್ಲು ಒಡೆಯುವಲ್ಲಿ, ಬೀದಿಯ ವ್ಯಾಪಾರದಲ್ಲಿ, ಕೆಲವರು ವೇಶ್ಯಾವೃತ್ತಿಯಲ್ಲಿ ಸಿಕ್ಕಿದರೆಂದು ಯುನಿಸೆಫ್ ತನ್ನ 1997ರ ವರದಿಯಲ್ಲಿ ಬರೆದಿದೆ. ಹೊಲಿಗೆ ಯಂತ್ರದ ಬದಿಯಲ್ಲಿ ನೂಲು ಕತ್ತರಿಸುತ್ತಿದ್ದ ಹುಡುಗಿಯನ್ನು ಅದಕ್ಕಿಂತ ಕಠಿನವಾದ, ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ತಳ್ಳಿದ ಮೇಲೆ, ಅಂಗಿಯನ್ನು ಕೊಳ್ಳುವವನ ಮನಸ್ಸು ಹಗುರವಾಯಿತು. ಹುಡುಗಿಯ ಹೊರೆಯಂತೂ ಹೆಚ್ಚಿತು.

ವಕೀಲರು: ಆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1995ರ ಜುಲೈಯಲ್ಲಿ ಕಾರ್ಖಾನೆಗಳ ಸಂಘವೂ ಕಾರ್ಮಿಕ ಸಂಸ್ಥೆಯೂ ಯುನಿಸೆಫೂ ಕೂಡಿ ಒಪ್ಪಂದ ಮಾಡಿಕೊಂಡವು: ಶಾಲೆಯಲ್ಲಿ ಸ್ಥಳ ದೊರೆಯುವವರೆಗೆ ಯಾವ ಮಗುವನ್ನೂ ಕೆಲಸದಿಂದ ತೆಗೆಯಬಾರದು, ಶಾಲೆಗೆ ಸೇರಿದ ಮಗುವಿನ ಕುಟುಂಬಕ್ಕೆ ತಿಂಗಳಿಗೆ 300 ಟಾಕಾ ಕೊಡಬೇಕು, ಆ ಕೆಲಸವನ್ನು ಅದೇ ಮನೆಯ ಪ್ರಾಯದವರಿಗೆ ಕೊಡಲು ಯತ್ನಿಸಬೇಕು. ಎಂಟು ಸಾವಿರಕ್ಕೂ ಮಿಕ್ಕ ಮಕ್ಕಳು ಅದರಿಂದ ಶಾಲೆ ಕಂಡರು.

ಮಾಸ್ತರರು: ಐವತ್ತು ಸಾವಿರದಲ್ಲಿ ಎಂಟು ಸಾವಿರ! ಒಪ್ಪಂದ ಮೊದಲಾಗಿದ್ದು ಹೆದರಿಕೆ ಅನಂತರ ಬಂದಿದ್ದರೆ ಉಳಿದವರ ಗತಿ ಹಾಗಾಗುತ್ತಿರಲಿಲ್ಲ. ಮರುವರ್ಷವೇ, 1996ರಲ್ಲಿ, ನಮ್ಮ ಕುಂದಾಪುರದಲ್ಲಿ ಅನೇಕ ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಹೊರಡಿಸಿದರು. ನಾವು ಮಾಡಿದ ಸರಕನ್ನು ಬಹಿಷ್ಕರಿಸಬೇಡಿರಿ, ನಮ್ಮನ್ನು ಕುರಿತ ನಿರ್ಧಾರಗಳಲ್ಲಿ ನಮ್ಮನ್ನೂ ಕೇಳಿರಿ, ಬಡತನವೆಂಬ ಮೂಲವನ್ನು ಮುಟ್ಟಿರಿ ಎಂಬುದು ಅದರ ತಾತ್ಪರ್ಯ.

ವಕೀಲರು: ಗೌರವದಿಂದ ದುಡಿಯುವ ಹಕ್ಕನ್ನೂ ಅವರು ಕೇಳಿದರು. ಅದನ್ನೂ ಒಪ್ಪುವಿರಾ?

ಮಾಸ್ತರರು: ಅದನ್ನು ಒಪ್ಪಲಾರೆ. ಹಸಿದ ಮಗು ಕೆಲಸ ಬೇಕೆಂದರೆ ಅದು ಹಸಿವಿನ ಮಾತು. ಆ ಮಾತನ್ನು ಕೇಳಿಸಿಕೊಂಡು ಅನ್ನ ಕೊಡಬೇಕು, ಕೆಲಸವನ್ನಲ್ಲ. ಪಕ್ಕದ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರೂ ಎಂ.ವಿ. ಫೌಂಡೇಶನ್ನಿನವರೂ ಹಿಡಿದ ದಾರಿಯೇ ನನ್ನದೂ: ಶಾಲೆಯ ಹೊರಗಿರುವ ಪ್ರತಿಯೊಂದು ಮಗುವೂ ದುಡಿಯುವ ಮಗುವೆಂದೇ ಎಣಿಸಬೇಕು. 2002–03ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾದಾಗ, ಕಾರ್ಮಿಕ ಇಲಾಖೆಯ ಯಾವ ನೋಟೀಸಿಗೂ ಜಗ್ಗದ ಮನೆಗಳಿಂದ ಮಕ್ಕಳು ತಾವಾಗಿ ಬಂದು ಸಾಲಿನಲ್ಲಿ ಕುಳಿತುದನ್ನು ಶಿಕ್ಷಕರಾದ ನಾವೆಲ್ಲ ಕಂಡಿದ್ದೇವೆ.

ವಕೀಲರು: ಹಾಗಾದರೆ ನಿಯಮವೇ ಬೇಡವೆನ್ನುವಿರೋ?

ಮಾಸ್ತರರು: ಬೇಕು; ಆದರೆ ಮಗು ನಿಜವಾಗಿ ಎಲ್ಲಿದೆಯೋ ಅಲ್ಲಿಗೆ ಅದು ಬರಬೇಕು. ನಮ್ಮ ಜಿಲ್ಲೆಯ ಹತ್ತಿ ಬೀಜೋತ್ಪಾದನೆಯ ಹೊಲಗಳನ್ನೇ ತೆಗೆದುಕೊಳ್ಳಿರಿ. ಹೈಬ್ರಿಡ್ ಬೀಜಕ್ಕಾಗಿ ಪ್ರತಿಯೊಂದು ಹೂವನ್ನೂ ಕೈಯಿಂದಲೇ ಕ್ರಾಸಿಂಗ್ ಮಾಡಬೇಕಷ್ಟೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಅದರ ಎಸಳನ್ನೂ ಕೇಸರಗಳನ್ನೂ ಉಗುರಿನಿಂದ, ನಡುವಿನ ಶಲಾಕೆಗೆ ಗಾಯವಾಗದಂತೆ, ಸುತ್ತಲೂ ಸುಲಿದು ತೆಗೆಯಬೇಕು. ಮರುದಿನ ಬೆಳಗ್ಗೆ ಬಿಸಿಲೇರುವುದರೊಳಗೆ ಗಂಡು ಹೂವನ್ನು ತಂದು ಅದಕ್ಕೆ ಸವರಬೇಕು. ಎರಡು ತಿಂಗಳಿಗೂ ಮಿಕ್ಕಿ ಒಂದು ದಿನವೂ ತಪ್ಪದೆ ನಡೆಯಬೇಕಾದ ಕೆಲಸ. ಗಿಡ ಮೊಣಕಾಲಿಂದ ಸೊಂಟದವರೆಗೆ ಇರುವುದರಿಂದ ಎಳೆಯ ಹುಡುಗಿಯರ ಎತ್ತರಕ್ಕೂ ಬೆರಳಿಗೂ ಅದು ಒಪ್ಪುತ್ತದೆಂದು ಹೇಳುವವರಿದ್ದಾರೆ. ದೊಡ್ಡವರಿಗಿಂತ ಅವರಿಗೆ ಕೂಲಿ ಕಡಿಮೆ ಎಂಬುದೇ ನಿಜವಾದ ಕಾರಣ. ಅದೇ ಗಿಡಗಳಿಗೆ ಕೀಟನಾಶಕವನ್ನೂ ಹೊಡೆದಿರುತ್ತಾರೆ. ಪರಾಗ ಸವರುವ ಹೊತ್ತು ಯಾವುದೆಂಬುದನ್ನು ಗಮನಿಸಿರಿ: ನಮ್ಮ ಶಾಲೆಯಲ್ಲಿ ಹಾಜರಿ ಕರೆಯುವ ಹೊತ್ತು ಅದು.

ವಕೀಲರು: ನಮ್ಮ ಬಾಲಕಾರ್ಮಿಕ ಶಾಸನಕ್ಕೆ 2016ರಲ್ಲಿ ಆದ ತಿದ್ದುಪಡಿಯ ಅನಂತರ ಹದಿನಾಲ್ಕರ ಒಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮರುವರ್ಷ ಜೂನ್ 13ರಂದು ಭಾರತವು ದುಡಿಮೆಯ ಕನಿಷ್ಠ ವಯಸ್ಸನ್ನು ಕುರಿತ 138, ಮತ್ತು 182, ಎರಡೂ ಒಡಂಬಡಿಕೆಗಳನ್ನು ಅನುಮೋದಿಸಿತು. ಅಂಥ ಹೊಲದ ಒಡೆಯ ಇಂದು ಸ್ಪಷ್ಟವಾಗಿ ಅಪರಾಧಿ.

ಮಾಸ್ತರರು: ಆ ಹೊಲಕ್ಕೆ ಒಮ್ಮೆ ಬಂದು ಕೇಳಿರಿ. ಶಾಲೆ ಬಿಟ್ಟ ಮಕ್ಕಳ ಗಣತಿಗೆಂದು ಒಬ್ಬ ಅಧಿಕಾರಿಯ ಜೊತೆಗೆ ಹೋದಾಗ ನಾನು ಕೇಳಿದೆ: ‘ಈ ಹುಡುಗಿ ಯಾರು?’ ‘ನಮ್ಮ ಅಕ್ಕನ ಮಗಳ್ರೀ, ಸೋದರಮಾವನ ಮನಿಗೆ ಬಂದಾಳ.’ ಅದರ ಆಚೆಯ ಸಾಲಿನಲ್ಲಿದ್ದವಳು? ‘ಆಕಿ ತಮ್ಮನ ಮಗಳ್ರೀ.’ ಹುಡುಗಿಯರು ತಲೆ ಎತ್ತಲಿಲ್ಲ. ಅಧಿಕಾರಿ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಏಕೆಂದರೆ ನಮ್ಮ ಶಾಸನವು ಕುಟುಂಬಕ್ಕೂ ಕುಟುಂಬದ ಉದ್ಯಮಕ್ಕೂ ನೆರವಾಗುವ ಮಗುವನ್ನು, ಶಾಲೆಯ ಸಮಯ ಮುಗಿದ ಮೇಲೆ ಅಥವಾ ರಜೆಯಲ್ಲಿ ಎಂಬ ಷರತ್ತಿನ ಮೇಲೆ, ನಿಷೇಧದಿಂದ ಬಿಟ್ಟಿದೆ. ಕುಟುಂಬವೆಂದರೆ ತಾಯಿ ತಂದೆ ಅಣ್ಣತಮ್ಮ ಅಕ್ಕತಂಗಿಯರಷ್ಟೇ ಅಲ್ಲ, ಚಿಕ್ಕಪ್ಪ ದೊಡ್ಡಪ್ಪ ಸೋದರತ್ತೆ ಸೋದರಮಾವ ಚಿಕ್ಕಮ್ಮ ದೊಡ್ಡಮ್ಮ ಎಲ್ಲರೂ. ಆ ಉದ್ಯಮದಲ್ಲಿ ಕೂಲಿಯವರಿದ್ದರೂ ಅದು ಕುಟುಂಬದ್ದೇ. ಊರೆಲ್ಲ ಒಂದಲ್ಲ ಒಂದು ನೆಂಟಸ್ತಿಕೆಯಲ್ಲಿ ಬೆಸೆದಿರುವ ನಾಡಿನಲ್ಲಿ ಈ ವ್ಯಾಖ್ಯೆಯ ಹೊರಗೆ ಉಳಿಯುವ ಮಗು ಯಾವುದು?

ವಕೀಲರು: (ಸ್ವಲ್ಪ ಹೊತ್ತಿನ ಮೇಲೆ) ಈ ವಿನಾಯಿತಿಗೆ ಉದ್ದವಾದ ವಂಶಾವಳಿಯುಂಟು. 1919ರಲ್ಲಿ, ಸಂಸ್ಥೆ ಹುಟ್ಟಿದ ವರ್ಷದಲ್ಲಿಯೇ, ಕೈಗಾರಿಕೆಗೆ ಹದಿನಾಲ್ಕು ವರ್ಷದ ಮಿತಿಯನ್ನು ವಿಧಿಸಿದ ಒಡಂಬಡಿಕೆಯಲ್ಲಿ, ಆ ಮಿತಿ ಭಾರತಕ್ಕೆ ಅನ್ವಯಿಸದೆಂದು ಬೇರೆಯೇ ಒಂದು ವಿಧಿಯನ್ನು ಬರೆದರು; ಇಲ್ಲಿ ಹನ್ನೆರಡು ಸಾಕು, ಅದೂ ಯಂತ್ರಶಕ್ತಿಯ ಕಾರ್ಖಾನೆ, ಗಣಿ, ರೈಲು, ಬಂದರುಗಳಿಗೆ ಮಾತ್ರ. ಗಿರಣಿ ಮಾಲೀಕರ ಹಿತ ಅದರಲ್ಲಿದ್ದಿತು. 1973ರ 138ನೆಯ ಒಡಂಬಡಿಕೆಯೂ ಹಿಂದುಳಿದ ದೇಶಗಳಿಗೆ ಸಣ್ಣ ಹಿಡುವಳಿಯ ಕುಟುಂಬಗಳನ್ನು ಬಿಟ್ಟುಬಿಡಲು ಅವಕಾಶ ಕೊಟ್ಟಿತು. ಆದರೆ ಸ್ಥಳೀಯ ಬಳಕೆಗೆ ಮಾತ್ರ ಬೆಳೆಯುವ, ಕೂಲಿಯವರನ್ನು ಕಾಯಮ್ಮಾಗಿ ಇಟ್ಟುಕೊಳ್ಳದ ಹಿಡುವಳಿಯಾಗಿರಬೇಕು.

ಮಾಸ್ತರರು: ಕಂಪನಿಗೆ ಮಾರುವ ಹತ್ತಿಬೀಜ ಸ್ಥಳೀಯ ಬಳಕೆಯದಲ್ಲವಷ್ಟೆ. ಅಂದಮೇಲೆ ಪರದೇಶದವರು ಕೊಟ್ಟ ವಿನಾಯಿತಿಗಿಂತ ನಾವೇ ನಮ್ಮ ಮಕ್ಕಳ ವಿಷಯದಲ್ಲಿ ತೆಗೆದುಕೊಂಡ ವಿನಾಯಿತಿ ದೊಡ್ಡದಾಯಿತು. ಕಾರ್ಮಿಕ ಸಂಸ್ಥೆಯ 2020ರ ಲೆಕ್ಕದಂತೆ ಲೋಕದ ದುಡಿಯುವ ಮಕ್ಕಳಲ್ಲಿ ನೂರಕ್ಕೆ 72 ಮಂದಿ ದುಡಿಯುವುದು ತಮ್ಮ ಕುಟುಂಬದಲ್ಲಿ. ಐದರಿಂದ ಹನ್ನೊಂದರ ವಯಸ್ಸಿನ ಎಳೆಯರಲ್ಲಂತೂ 83 ಮಂದಿ. ನಿಯಮವು ಯಾವುದನ್ನು ಬಿಟ್ಟಿದೆಯೋ ಅಲ್ಲಿಯೇ ಮಕ್ಕಳೆಲ್ಲ ಇದ್ದಾರೆ.

ವಕೀಲರು: ಆದರೂ ನನ್ನ ಮನಸ್ಸಿನ ಒಂದು ಅಳುಕನ್ನು ಹೇಳಬೇಕು. ಕುಂಬಾರನ ಮಗ ತಂದೆಯ ಪಕ್ಕದಲ್ಲಿ ಕುಳಿತು ತಿಗರಿಗೆ ಕೈ ಇಡುವುದು, ರೈತನ ಮಗಳು ಕರುವಿಗೆ ಹುಲ್ಲು ಹಾಕುವುದು, ಇವು ಶಿಕ್ಷಣವೇ ಅಲ್ಲವೆ? ಇದೆಲ್ಲವನ್ನೂ ಅಪರಾಧವೆಂದು ಸಾರಿ ಬಡವನ ಹೊಸ್ತಿಲನ್ನು ದಾಟುವ ಅಧಿಕಾರವನ್ನು ಇನ್‌ಸ್ಪೆಕ್ಟರನ ಕೈಗೆ ಕೊಟ್ಟರೆ, ಆ ಅಧಿಕಾರ ಯಾರ ಮೇಲೆ ಬೀಳುತ್ತದೆಂಬುದು ನ್ಯಾಯಾಲಯದಲ್ಲಿ ದಿನವೂ ನಿಂತ ನನಗೆ ಗೊತ್ತಿದೆ.

ಮಾಸ್ತರರು: ನಿಮ್ಮ ಅಳುಕು ಧರ್ಮವಾದದ್ದೇ. ಕರುವಿಗೆ ಹುಲ್ಲು ಹಾಕಿ ಶಾಲೆಗೆ ಬರುವ ಹುಡುಗಿಯನ್ನು ಯಾರೂ ತಡೆಯಬೇಕಿಲ್ಲ. ಆದರೆ ಹೊಲ ಯಾರದೆಂಬುದನ್ನು ಕೇಳುವುದರ ಬದಲು ಹೊತ್ತು ಎಷ್ಟೆಂಬುದನ್ನು ಕೇಳಬಾರದೇಕೆ? ಲೋಕದ ಗಣತಿಯನ್ನು ಮಾಡುವವರು ಹಾಗೆಯೇ ಕೇಳುತ್ತಾರೆ: ಹನ್ನೆರಡರಿಂದ ಹದಿನಾಲ್ಕರ ಮಗು ವಾರಕ್ಕೆ 14 ಗಂಟೆ ಆರ್ಥಿಕ ಕೆಲಸ ಮಾಡಿದರೆ ಬಾಲದುಡಿಮೆ, ಹನ್ನೆರಡು ತುಂಬದ ಮಗುವಾದರೆ ಒಂದೇ ಗಂಟೆ ಸಾಕು. ತಂದೆಯ ಹೊಲವೋ ಸಾಹುಕಾರನ ಹೊಲವೋ ಎಂಬ ಭೇದವೇ ಆ ಲೆಕ್ಕದಲ್ಲಿಲ್ಲ. ಎಣಿಸುವಾಗ ಇಲ್ಲದ ಭೇದ ಶಾಸನ ಬರೆಯುವಾಗ ಏಕೆ ಬರಬೇಕು? ಶಾಲೆಯ ಹಾಜರಿ ಪುಸ್ತಕವನ್ನು ಸಾಕ್ಷ್ಯವಾಗಿ ಒಪ್ಪಿರಿ. ಕ್ರಾಸಿಂಗಿನ ತಿಂಗಳುಗಳಲ್ಲಿ ಒಂದು ಹುಡುಗಿ ಬರದೆ ಹೋದರೆ ಅವಳ ತಂದೆಯನ್ನು ಠಾಣೆಗೆ ಕರೆಯಬೇಡಿರಿ. ಬೀಜ ಕೊಂಡ ಕಂಪನಿಯನ್ನೂ, ಕಂಪನಿಗೂ ರೈತನಿಗೂ ನಡುವೆ ನಿಂತ ಆರ್ಗನೈಸರನನ್ನೂ ಕರೆಯಿರಿ. ಬೀಜಕ್ಕೆ ಕೊಡುವ ಬೆಲೆಯಲ್ಲಿ ಪ್ರಾಯದ ಹೆಂಗಸಿನ ಕೂಲಿ ಅಡಗಿದೆಯೇ ಎಂದು ಅವರನ್ನು ಕೇಳಿರಿ.

ವಕೀಲರು: ಉಜ್ಬೆಕಿಸ್ತಾನದಲ್ಲಿ ಒತ್ತಡ ಬಿದ್ದುದು ಆಜ್ಞೆ ಕೊಟ್ಟವನ ಮೇಲೆ. ಇಲ್ಲಿ ಬೆಲೆ ಕಟ್ಟುವವನೇ ಆಜ್ಞೆ ಕೊಡುವವನೆಂದು ನಿಮ್ಮ ವಾದ.

ಮಾಸ್ತರರು: ಹೌದು. ಢಾಕಾದಲ್ಲಿ ಆ ಒತ್ತಡ ಮಗುವಿನ ಮೇಲೆಯೇ ಬಿದ್ದಿತು.

ವಕೀಲರು: ನಾನು ಇಷ್ಟು ಕಾಲ ವಾದಿಸಿದುದು ಒಡಂಬಡಿಕೆಗಳ ಪರವಾಗಿ, ಈಗಲೂ ಅವುಗಳ ಪರವಾಗಿಯೇ ನಿಲ್ಲುತ್ತೇನೆ, ಏಕೆಂದರೆ ಅವು ಇಲ್ಲದಿದ್ದರೆ ನೀವು ಹೇಳುವ ತಿದ್ದುಪಡಿಯನ್ನು ಕೇಳಲು ನಮಗೆ ನೆಲೆಯೇ ಇರುತ್ತಿರಲಿಲ್ಲ. 138ಕ್ಕೆ ಸಹಿ ಹಾಕಿದ ಸರಕಾರವನ್ನು, ಆ ಒಡಂಬಡಿಕೆ ಬಿಡದ ಹೊಲಗಳನ್ನು ನಿನ್ನ ಕಾನೂನು ಹೇಗೆ ಬಿಟ್ಟಿತೆಂದು ಕೇಳುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆ. ಆ ಪ್ರಶ್ನೆಯನ್ನು ಬರೆಹದಲ್ಲಿ ಕೇಳೋಣ. ನೀವು ಹೊಲದ ಸಂಗತಿಗಳನ್ನು ಬರೆದುಕೊಡಿರಿ. ನಮ್ಮ ಬಾಲಕಾರ್ಮಿಕ ಶಾಸನದ ಮೂರನೆಯ ಪ್ರಕರಣದ ಕುಟುಂಬ ವಿನಾಯಿತಿಯನ್ನು ತೆಗೆದುಹಾಕಿ ಗಂಟೆಯ ಮಿತಿಯನ್ನು ಇಡಬೇಕೆಂಬ ಮನವಿಯ ಕರಡನ್ನು ನಾನು ಬರೆಯುತ್ತೇನೆ. ನಮ್ಮ ಲೋಕಸಭಾ ಸದಸ್ಯರಿಗೂ ಕಾರ್ಮಿಕ ಮಂತ್ರಿಗಳಿಗೂ ಅದು ಹೋಗಲಿ. ಈ ತಾಲ್ಲೂಕಿನ ಪ್ರತಿಯೊಂದು ಶಾಲೆಯ ಶಿಕ್ಷಕರೂ ಪೋಷಕರೂ ಅದಕ್ಕೆ ಸಹಿ ಹಾಕಲಿ.