ವಿಳಂಬದ ವಿವೇಕ

ತಾಳಿದವನು ಬಾಳಿಯಾನು ಎಂಬುದು ಕನ್ನಡಿಗರ ಮನೆಮನೆಯಲ್ಲಿ ಕೇಳಿಬರುವ ಗಾದೆ. ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲವೆಂಬುದೂ ಅದೇ ಮನೆಗಳ ಮಾತು. ಮೊದಲನೆಯದು ಸಾವಧಾನವನ್ನು ಹೊಗಳುತ್ತದೆ, ಎರಡನೆಯದು ವಿಳಂಬವನ್ನು ಹಳಿಯುತ್ತದೆ. ಲೋಕಾನುಭವವು ಹೀಗೆ ಒಂದೇ ಬಾಯಿಂದ ಎರಡು ಮಾತನಾಡುವಾಗ ಯಾವುದನ್ನು ಎಂದು ನಂಬತಕ್ಕದ್ದು? ಗಾದೆಗಳು ಸುಳ್ಳಲ್ಲ, ಆದರೆ ಯಾವ ಗಾದೆಗೆ ಯಾವ ಸಮಯವೆಂಬುದನ್ನು ಗಾದೆಯೇ ಹೇಳುವುದಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಈ ಇಬ್ಬಂದಿಯೇ ಎರಡು ಕಥೆಗಳಾಗಿ ಬಂದಿದೆ. ಗೌತಮನು ಪತ್ನಿಯ ಮೇಲೆ ಕೋಪಗೊಂಡು, ತಾಯಿಯನ್ನು ಕೊಲ್ಲೆಂದು ಮಗನಾದ ಚಿರಕಾರಿಗೆ ಆಜ್ಞಾಪಿಸಿ ಕಾಡಿಗೆ ಹೊರಟುಹೋದನು. ಯಾವ ಕೆಲಸವನ್ನಾದರೂ ಬಹುಕಾಲ ಆಲೋಚಿಸಿ ಮಾಡುವುದೇ ಆ ಮಗನ ಸ್ವಭಾವ. ತಂದೆಯ ಆಜ್ಞೆ ದೊಡ್ಡದೋ ತಾಯಿಯ ಪ್ರಾಣ ದೊಡ್ಡದೋ ಎಂದು ಅವನು ವಿಚಾರಿಸುತ್ತಿರುವಾಗಲೇ ತಂದೆಯ ಕೋಪವಿಳಿದು ಪಶ್ಚಾತ್ತಾಪ ಹುಟ್ಟಿತು. ಹಿಂದಿರುಗಿ ಬಂದು ಪತ್ನಿಯು ಜೀವಂತಳಾಗಿರುವುದನ್ನು ಕಂಡ ಗೌತಮನು ಮಗನ ನಿಧಾನವನ್ನೇ ಕೊಂಡಾಡಿದನು. ಅದೇ ಪರ್ವದಲ್ಲಿ ಮೂರು ಮೀನುಗಳ ಕಥೆಯೂ ಇದೆ. ಬೆಸ್ತರು ಕೊಳದ ನೀರನ್ನು ಹೊರಹಾಕತೊಡಗಿದಾಗ, ಬರುವುದನ್ನು ಮೊದಲೇ ಕಂಡ ಮೀನು ಬೇರೆಡೆಗೆ ಹೋಗಿ ಬದುಕಿತು. ಸಮಯಸ್ಫೂರ್ತಿಯುಳ್ಳದ್ದು ಸಿಕ್ಕಿಬಿದ್ದರೂ ಉಪಾಯದಿಂದ ಪಾರಾಯಿತು. ಅವಸರವೇನೆಂದು ಕುಳಿತ ದೀರ್ಘಸೂತ್ರವೆಂಬ ಮೀನು ಸತ್ತಿತು. ಚಿರಕಾರಿಯೂ ತಡಮಾಡಿದನು, ದೀರ್ಘಸೂತ್ರವೂ ತಡಮಾಡಿತು. ಒಬ್ಬನಿಗೆ ಆಶೀರ್ವಾದ, ಇನ್ನೊಂದಕ್ಕೆ ಮರಣ. ಈ ಎರಡು ವಿಳಂಬಗಳಿಗಿರುವ ಅಂತರವೇನು?

ಈ ಪ್ರಶ್ನೆಯನ್ನು ಇಂದಿನ ಕಾಲವು ಅತ್ಯಂತ ಕಠಿನವಾಗಿ ಕೇಳುವ ಸ್ಥಳವೊಂದಿದೆ. ಅದು ನೆಲಕ್ಕೆ ಇಳಿದ ಮೇಲೆ ಬೆಂಕಿ ಹೊತ್ತಿಕೊಂಡ ವಿಮಾನ. ಆಕಾಶದ ಭಯ ಕಳೆದು ನೆಲದ ಭಯ ಮೊದಲಾಗಿರುತ್ತದೆ. ಒಳಗೆ ಮುದುಕರು, ಮಕ್ಕಳು, ಗರ್ಭಿಣಿಯರು, ನಡೆಯಲಾರದವರು ಎಲ್ಲರೂ ಇರುತ್ತಾರೆ. ಬಾಗಿಲುಗಳನ್ನು ತೆರೆದರೆ ಗಾಳಿ ತುಂಬಿದ ಜಾರುಪಟ್ಟೆಗಳು ಕೆಳಗೆ ಚಾಚಿಕೊಳ್ಳುತ್ತವೆ. ಎಲ್ಲರೂ ಅವುಗಳ ಮೇಲೆ ಜಾರಿ ಇಳಿಯಬೇಕು. ದೊಡ್ಡ ವಿಮಾನದ ಬಾಗಿಲು ಒಂದು ಅಂತಸ್ತಿಗಿಂತ ಎತ್ತರದಲ್ಲಿರುತ್ತದೆ. ಹೀಗೆ ಇಳಿಯುವಾಗ ಕೆಲವರ ಕಾಲು ಉಳುಕುವುದು, ಮೂಳೆ ಮುರಿಯುವುದು ಅಪರೂಪವಲ್ಲ. ಬೆಂಕಿ ಬಾಗಿಲಿನ ಹೊರಗೇ ಇದ್ದರೆ, ಬಾಗಿಲನ್ನು ತೆರೆಯುವುದೆಂದರೆ ಬೆಂಕಿಗೆ ದಾರಿ ಕೊಟ್ಟಂತೆಯೇ ಆಗುವುದು. ಒಳಗೆಯೇ ಉಳಿದರೆ ಅಗ್ನಿಶಾಮಕರು ಬೆಂಕಿಯನ್ನು ಆರಿಸಿ, ಏಣಿ ತಂದು, ಎಲ್ಲರನ್ನೂ ಸುಖವಾಗಿ ಇಳಿಸಬಹುದು. ಅಥವಾ ಕೆಲವೇ ಉಸಿರುಗಳಲ್ಲಿ ವಿಷಧೂಮವು ಎಲ್ಲರನ್ನೂ ಮಲಗಿಸಬಹುದು. ಇದನ್ನು ನಿರ್ಣಯಿಸಬೇಕಾದ ನಾಯಕನು ಕುಳಿತಿರುವುದು ವಿಮಾನದ ಮೂಗಿನ ತುದಿಯಲ್ಲಿ. ಬೆಂಕಿ ಹತ್ತಿರುವುದು ಅವನ ಬೆನ್ನ ಹಿಂದೆ. ಅಪಾಯವನ್ನು ಎಲ್ಲರಿಗಿಂತ ಕಡಮೆ ಕಾಣಬಲ್ಲವನಿಗೇ ಎಲ್ಲರಿಗಿಂತ ಹೆಚ್ಚಿನ ಅಧಿಕಾರ.

೧೯೮೦ನೆಯ ಆಗಸ್ಟ್ ೧೯ರ ರಾತ್ರಿ ಸೌದಿ ಅರೇಬಿಯದ ರಿಯಾದ್ ನಗರದಿಂದ ಜೆಡ್ಡಾ ನಗರಕ್ಕೆ ಹೊರಟ ಟ್ರೈಸ್ಟಾರ್ ವಿಮಾನವೊಂದರ ಹಿಂಬದಿಯ ಸರಕಿನ ಕೋಣೆಯಲ್ಲಿ ಹೊಗೆ ಕಾಣಿಸಿಕೊಂಡಿತು. ಎಚ್ಚರಿಕೆಯ ದೀಪ ಹೊತ್ತಿದಾಗ ಹೊರಟು ಇನ್ನೂ ಸುಮಾರು ೭ ನಿಮಿಷಗಳಾಗಿದ್ದುವು. ಅದು ನಿಜವೇ ಎಂದು ಪರೀಕ್ಷಿಸುವುದರಲ್ಲಿ ಕೆಲವು ನಿಮಿಷಗಳು ಕಳೆದುವು. ಅನಂತರ ವಿಮಾನವು ಹಿಂದಿರುಗಿ ರಿಯಾದ್‌ನಲ್ಲಿಯೇ ಸುರಕ್ಷಿತವಾಗಿ ನೆಲ ಮುಟ್ಟಿತು. ಆಗ ಒಳಗಿದ್ದವರು ೩೦೧ ಮಂದಿ. ನೆಲ ಮುಟ್ಟಿದ ವಿಮಾನವು ಒಡನೆ ನಿಲ್ಲಲಿಲ್ಲ. ಓಡುದಾರಿಯ ಉದ್ದಕ್ಕೂ ಸಾಗಿ, ಪಕ್ಕದ ದಾರಿಗೆ ತಿರುಗಿ, ೨ ನಿಮಿಷ ೪೦ ಸೆಕೆಂಡುಗಳ ಮೇಲೆ ನಿಂತಿತು. ನಿಂತ ಮೇಲೂ ಮೂರು ನಿಮಿಷಕ್ಕಿಂತ ಹೆಚ್ಚು ಕಾಲ ಯಂತ್ರಗಳು ತಿರುಗುತ್ತಿದ್ದುವು. ಯಂತ್ರ ತಿರುಗುತ್ತಿರುವಾಗ ಜನರನ್ನು ಇಳಿಸಲಾಗದು. ಪ್ರಯಾಣಿಕರನ್ನು ಇಳಿಸಬೇಕೇ ಎಂದು ಪರಿಚಾರಕರು ಇಳಿಯುವುದಕ್ಕೆ ಮೊದಲೇ ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದರು. ಕೊನೆಗೆ ಅವರಿಗೆ ಬಂದ ಉತ್ತರ ಬೇಡವೆಂಬುದು. ಹೊರಗಿನವರು ಒಂದು ಬಾಗಿಲನ್ನು ತೆರೆಯುವ ಹೊತ್ತಿಗೆ ಯಂತ್ರಗಳು ನಿಂತು ಇಪ್ಪತ್ತು ನಿಮಿಷಗಳು ಮೀರಿದ್ದುವು. ಒಳಗೆ ಒಬ್ಬರೂ ಜೀವಂತವಾಗಿರಲಿಲ್ಲ. ಆಕಾಶದಿಂದ ನೆಲವನ್ನು ಸುರಕ್ಷಿತವಾಗಿ ಸೇರಿದ ಮೂರುನೂರೊಂದು ಮಂದಿಯೂ, ಓಡುವ ಹಾದಿ ಕೆಲವೇ ಅಡಿಗಳ ದೂರದಲ್ಲಿರುವಾಗ ಮಡಿದರು.

ಐದು ವರ್ಷಗಳ ಮೇಲೆ, ೧೯೮೫ನೆಯ ಆಗಸ್ಟ್ ೨೨ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೋಯಿಂಗ್ ೭೩೭ ವಿಮಾನವೊಂದು ನೆಲ ಬಿಡುವುದಕ್ಕೆ ಓಡುತ್ತಿರುವಾಗಲೇ ಎಡಗಡೆಯ ಯಂತ್ರವು ಒಡೆದು, ಅದರ ಚೂರು ಇಂಧನದ ತೊಟ್ಟಿಯನ್ನು ತೂತುಮಾಡಿತು. ಚಕ್ರದ ಟೈರು ಒಡೆದಿರಬಹುದೆಂದು ಚಾಲಕರು ಬಗೆದರು. ಹಾರುವುದನ್ನು ಕೈಬಿಟ್ಟು, ಓಡುದಾರಿಯಿಂದ ಪಕ್ಕದ ದಾರಿಗೆ ವಿಮಾನವನ್ನು ತಿರುಗಿಸಿ ನಿಲ್ಲಿಸಿದರು. ಅಲ್ಲಿ ಬೀಸುತ್ತಿದ್ದ ಮೆಲುಗಾಳಿಯೇ ಜ್ವಾಲೆಯನ್ನು ವಿಮಾನದ ಒಡಲಿಗೆ ತಾಗುವಂತೆ ತಿರುಗಿಸಿತು. ಒಳಗಿದ್ದ ೧೩೭ ಮಂದಿಯಲ್ಲಿ ೫೫ ಮಂದಿ ಸತ್ತರು. ಬಹುಮಂದಿಯನ್ನು ಕೊಂದುದು ಜ್ವಾಲೆಯಲ್ಲ, ಹೊಗೆ. ಇಲ್ಲಿ ಇಳಿಸುವ ನಿರ್ಣಯವು ತಡವಾಗಲಿಲ್ಲ. ಆದರೂ ಆ ನಿರ್ಣಯಕ್ಕೆ ಮೊದಲು, ಅಭ್ಯಾಸಬಲದಿಂದ ನಡೆದುಹೋದ ಒಂದು ಸಾಮಾನ್ಯ ತಿರುವು ಇಷ್ಟು ಅನರ್ಥಕ್ಕೆ ಸಹಾಯಕವಾಯಿತು. ದಾರಿಯನ್ನು ತೆರವುಮಾಡಿಕೊಡುವುದು ಎಲ್ಲ ದಿನಗಳಲ್ಲಿಯೂ ಸೌಜನ್ಯ. ಆ ದಿನ ಅದೇ ಸೌಜನ್ಯವು ಸೆಕೆಂಡುಗಳನ್ನು ನುಂಗಿ, ಗಾಳಿಯನ್ನು ಶತ್ರುವಾಗಿ ಮಾಡಿತು.

ಈ ಎರಡು ಪ್ರಸಂಗಗಳನ್ನಷ್ಟೇ ಕೇಳಿದವರು, ಸಂದೇಹ ಹುಟ್ಟಿದೊಡನೆಯೇ ಎಲ್ಲ ಬಾಗಿಲುಗಳನ್ನೂ ತೆರೆದುಬಿಡಬೇಕೆಂದು ತೀರ್ಮಾನಿಸಬಹುದು. ಮೂರನೆಯ ಪ್ರಸಂಗವೊಂದು ಅವರನ್ನು ತಡೆದು ನಿಲ್ಲಿಸುತ್ತದೆ. ೨೦೧೬ನೆಯ ಜೂನ್ ೨೭ರಂದು ಸಿಂಗಪುರದಿಂದ ಇಟಲಿಯ ಮಿಲಾನಿಗೆ ಹೊರಟಿದ್ದ ಬೋಯಿಂಗ್ ೭೭೭ ವಿಮಾನವು ಯಂತ್ರದ ಎಣ್ಣೆಯ ಸೂಚನೆಯಲ್ಲಿ ದೋಷ ಕಂಡು ಸಿಂಗಪುರಕ್ಕೇ ಮರಳಿತು. ನೆಲ ಮುಟ್ಟಿದೊಡನೆ ಸೋರಿದ್ದ ಇಂಧನಕ್ಕೆ ಬೆಂಕಿ ತಗುಲಿ ಬಲಗಡೆಯ ರೆಕ್ಕೆಯು ಧಗಧಗಿಸಿ ಉರಿಯಿತು. ಒಳಗೆ ೨೨೨ ಪ್ರಯಾಣಿಕರು, ೧೯ ಮಂದಿ ಸಿಬ್ಬಂದಿ. ಕಿಟಕಿಯ ಆಚೆಗೆ ಜ್ವಾಲೆಯನ್ನು ಕಾಣುತ್ತ ಅವರೆಲ್ಲರೂ ತಮ್ಮ ಪೀಠಗಳಲ್ಲಿಯೇ ಕುಳಿತಿದ್ದರು. ಚಾಲಕರು ಅಗ್ನಿಶಾಮಕ ದಳದ ಮುಖ್ಯಸ್ಥನೊಡನೆ ಮಾತನಾಡಿ, ಅವನ ಮಾತನ್ನು ಅನುಸರಿಸಿ, ಜಾರುಪಟ್ಟೆಗಳ ಮೇಲೆ ಯಾರನ್ನೂ ಇಳಿಸಲಿಲ್ಲ. ದಳದವರು ಕೆಲವೇ ನಿಮಿಷಗಳಲ್ಲಿ ಬೆಂಕಿಯನ್ನು ಆರಿಸಿದರು. ಅನಂತರ ಎಲ್ಲರೂ ಏಣಿಯ ಮೆಟ್ಟಿಲುಗಳನ್ನು ಇಳಿದು ಬಂದರು. ಒಬ್ಬರಿಗೂ ಗಾಯವಾಗಲಿಲ್ಲ.

ಹಾಗಾದರೆ ಅದು ಸರಿಯಾದ ನಿರ್ಣಯವೇ? ಯಾರಿಗೂ ಗಾಯವಾಗಲಿಲ್ಲವಾದ್ದರಿಂದ ಸರಿ ಎನ್ನುವುದು ಸುಲಭ. ಆದರೆ ಫಲವನ್ನು ನೋಡಿ ಕರ್ಮವನ್ನು ತೂಗುವುದು ನ್ಯಾಯವಲ್ಲ. ಕಣ್ಣು ಮುಚ್ಚಿಕೊಂಡು ಹೊಳೆ ದಾಟಿದವನು ದಡ ಸೇರಿದನೆಂಬುದರಿಂದ ಕಣ್ಣು ಮುಚ್ಚಿ ದಾಟುವುದು ಜಾಣತನವಾಗದು. ಸಿಂಗಪುರದ ತನಿಖಾಧಿಕಾರಿಗಳು ಈ ಶುಭಾಂತ್ಯದಿಂದ ಮೋಹಗೊಳ್ಳಲಿಲ್ಲ. ಇಳಿಸಬೇಕೋ ಬೇಡವೋ ಎಂಬುದಕ್ಕೆ ಚಾಲಕರು ಅಗ್ನಿಶಾಮಕ ಮುಖ್ಯಸ್ಥನೊಬ್ಬನ ಮಾತನ್ನೇ ಆಧಾರವಾಗಿ ಹಿಡಿದರೆಂದೂ, ತಿಳಿವಳಿಕೆಗೆ ಬೇರೆ ದಾರಿಗಳೂ ಅವರಿಗೆ ಇದ್ದುವೆಂದೂ ಅವರು ತಮ್ಮ ವರದಿಯಲ್ಲಿ ತೋರಿಸಿದರು. ವಿಮಾನದ ಒಳಗಿನ ಪರಿಚಾರಕರು ಕಿಟಕಿಗಳಿಂದ ನೋಡಬಲ್ಲವರಾಗಿದ್ದರು; ಹೊರಭಾಗವನ್ನು ತೋರಿಸುವ ಕ್ಯಾಮೆರಾ ಕೂಡ ಆ ವಿಮಾನದಲ್ಲಿತ್ತು. ಇಲ್ಲಿ ವಿಚಾರಿಸಬೇಕಾದುದು ಚಾಲಕರು ಕಾದರೋ ಇಲ್ಲವೋ ಎಂಬುದಲ್ಲ, ಕಾಯುತ್ತಿರುವಾಗ ಏನು ಮಾಡುತ್ತಿದ್ದರು ಎಂಬುದು.

ಚಿರಕಾರಿಗೂ ದೀರ್ಘಸೂತ್ರಕ್ಕೂ ಇರುವ ಭೇದ ಈಗ ಕಾಣತೊಡಗುತ್ತದೆ. ಚಿರಕಾರಿಯ ಮುಂದಿದ್ದ ಕಾರ್ಯವು ಮಾಡಿದ ಮೇಲೆ ಮರಳಿ ಬಾರದಂಥದು. ತಾಯಿ ಒಮ್ಮೆ ಸತ್ತರೆ ಗೌತಮನ ಪಶ್ಚಾತ್ತಾಪದಿಂದ ಬದುಕುವುದಿಲ್ಲ. ತಡಮಾಡಿದುದರಿಂದ ಹೋಗುವುದಾದರೋ ಏನೂ ಇರಲಿಲ್ಲ. ಮೀನಿನ ವಿಷಯದಲ್ಲಿ ಇದು ತಲೆಕೆಳಗು: ಬೇರೆಡೆಗೆ ಹೋದುದು ವ್ಯರ್ಥವಾಗಿದ್ದರೂ ನಷ್ಟ ಸ್ವಲ್ಪ, ಉಳಿದುದರ ನಷ್ಟಕ್ಕೆ ಪರಿಹಾರವಿಲ್ಲ. ಆದುದರಿಂದ ಸಂದೇಹದಲ್ಲಿರುವವನು ಮೊದಲು ಕೇಳಿಕೊಳ್ಳಬೇಕಾದುದು ಮಾಡುವುದು ತಪ್ಪಾದರೆ ಹಿಂತಿರುಗಿಸಬಹುದೇ, ಮಾಡದಿರುವುದು ತಪ್ಪಾದರೆ ಹಿಂತಿರುಗಿಸಬಹುದೇ ಎಂದು. ಮುರಿದ ಕಾಲು ಕೂಡೀತು. ಹೊಗೆ ಕುಡಿದು ನಿಂತ ಉಸಿರು ಮರಳದು. ಈ ತಕ್ಕಡಿಯಲ್ಲಿ ತೂಗಿದರೆ, ಬೆಂಕಿಯ ವಿಷಯದಲ್ಲಿ ಸಂದೇಹದ ಲಾಭವು ಸಾಮಾನ್ಯವಾಗಿ ಬಾಗಿಲಿನ ಕಡೆಗೇ ಸಲ್ಲುವುದು.

ಸಾಮಾನ್ಯವಾಗಿ ಎಂಬ ಮಾತನ್ನು ಬಿಡುವಂತಿಲ್ಲ. ಉರಿಯುವ ಇಂಧನವು ನೆಲದ ಮೇಲೆ ಹರಡಿರುವಾಗ ಆ ಮಗ್ಗುಲಿಗೆ ಜನರನ್ನು ಇಳಿಸುವುದೂ ಹಿಂತಿರುಗಿಸಲಾಗದ ಕಾರ್ಯವೇ. ಎರಡು ಕಡೆಯೂ ಹಿಂತಿರುಗಲಾಗದಿರುವಾಗ ಸೂತ್ರವು ಮೂಕವಾಗುತ್ತದೆ, ಕಣ್ಣು ಮಾತನಾಡಬೇಕಾಗುತ್ತದೆ. ಯಾವ ಮಗ್ಗುಲಿನಲ್ಲಿ ಬೆಂಕಿ, ಗಾಳಿ ಎತ್ತಣಿಂದ, ಒಳಗೆ ಹೊಗೆ ನುಗ್ಗಿದೆಯೇ, ಯಾವ ಬಾಗಿಲು ನಿರಪಾಯ ಎಂಬುದನ್ನು ಕಂಡವನು ನಾಯಕನಲ್ಲದೆ ಬೇರೊಬ್ಬನಾಗಿರಬಹುದು. ಆಗ ಅಧಿಕಾರವು ಕಣ್ಣಿದ್ದೆಡೆಗೆ ಹೋಗಬೇಕು.

೨೦೨೪ನೆಯ ಜನವರಿ ೨ರ ಸಂಜೆ ಜಪಾನಿನ ಟೋಕಿಯೋ ನಗರದ ಹನೇಡಾ ನಿಲ್ದಾಣದಲ್ಲಿ ನಡೆದುದು ಇದಕ್ಕೆ ಸಾಕ್ಷಿ. ಇಳಿಯುತ್ತಿದ್ದ ಏರ್‌ಬಸ್ ಎ೩೫೦ ವಿಮಾನವು, ಹಿಂದಿನ ದಿನದ ನೋಟೋ ಭೂಕಂಪದ ಸಂತ್ರಸ್ತರಿಗೆ ಸಾಮಗ್ರಿ ಕೊಂಡೊಯ್ಯಲು ಹೊರಟಿದ್ದ ಕರಾವಳಿ ರಕ್ಷಣಾದಳದ ಸಣ್ಣ ವಿಮಾನಕ್ಕೆ ಓಡುದಾರಿಯ ಮೇಲೆಯೇ ಡಿಕ್ಕಿ ಹೊಡೆಯಿತು. ಸಣ್ಣ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು. ದೊಡ್ಡ ವಿಮಾನವು ಉರಿಯುತ್ತಲೇ ಜಾರಿ ನಿಂತಿತು. ಒಳಗಿನ ೩೭೯ ಮಂದಿಗೆ ಸೂಚನೆ ಕೊಡಬೇಕಾದ ಧ್ವನಿಯಂತ್ರವು ಕೆಟ್ಟುಹೋಗಿತ್ತು. ಪರಿಚಾರಕರು ಮೆಗಾಫೋನ್ ಹಿಡಿದೂ ಬರಿಯ ಕೊರಳಿನಿಂದಲೂ ಕೂಗಿ ಹೇಳಿದರು. ಕಿಟಕಿಗಳಿಂದ ಬೆಂಕಿಯಿದ್ದ ಕಡೆಯನ್ನು ನೋಡಿ, ಎಂಟು ಬಾಗಿಲುಗಳಲ್ಲಿ ಮೂರನ್ನು ಮಾತ್ರ ತೆರೆದರು. ಉಳಿದುವನ್ನು ಮುಚ್ಚಿಯೇ ಇಟ್ಟರು. ಹಿಂಬದಿಯ ಬಾಗಿಲಿನಲ್ಲಿದ್ದವರಿಗೆ ನಾಯಕನ ಅಪ್ಪಣೆಯನ್ನು ಪಡೆಯಲು ಮಾರ್ಗವಿರಲಿಲ್ಲ. ತಮ್ಮ ವಿವೇಕದಿಂದಲೇ ಅದನ್ನು ತೆರೆದರು. ಪ್ರಯಾಣಿಕರು ಬಹುಮಟ್ಟಿಗೆ ತಮ್ಮ ಚೀಲಗಳನ್ನು ಬಿಟ್ಟು ಎದ್ದರು. ಕಡೆಯದಾಗಿ ನಾಯಕನು ಇಳಿಯುವಾಗ ಡಿಕ್ಕಿಯಾಗಿ ೧೮ ನಿಮಿಷಗಳಾಗಿದ್ದುವು. ೩೭೯ ಮಂದಿಯೂ ಬದುಕಿದರು. ಅನಂತರ ವಿಮಾನವು ಸುಟ್ಟು ಬೂದಿಯಾಯಿತು.

ಆ ಹಿಂಬದಿಯ ಬಾಗಿಲಿನ ಬಳಿ ನಿಂತ ಪರಿಚಾರಕರ ಸ್ಥಿತಿಯನ್ನು ಸ್ವಲ್ಪ ಆಲೋಚಿಸಬೇಕು. ಅಪ್ಪಣೆಯಿಲ್ಲ, ಹೊಗೆ ಬರುತ್ತಿದೆ, ನೂರಾರು ಮಂದಿ ತಮ್ಮ ಮುಖವನ್ನೇ ನೋಡುತ್ತಿದ್ದಾರೆ. ಅಪ್ಪಣೆ ಬರಲಿಲ್ಲವೆಂದು ಸುಮ್ಮನಿದ್ದರೆ, ಆಮೇಲೆ ನಿಯಮದ ಪ್ರಕಾರ ಅವರನ್ನು ದೂರುವವರು ಯಾರೂ ಇರಲಾರರು. ಅಪ್ಪಣೆಗಾಗಿ ಕಾದೆ ಎಂಬುದು ಲೋಕದಲ್ಲಿ ಬಹಳ ಗೌರವವುಳ್ಳ ನೆಪ. ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಎಷ್ಟೋ ಅನ್ಯಾಯಗಳು ಈ ನೆಪದ ನೆರಳಿನಲ್ಲಿಯೇ ಬೆಳೆಯುತ್ತವೆ. ಆದರೆ ಸುಮ್ಮನಿರುವುದು ನಿರ್ಣಯವನ್ನು ಮುಂದೆ ಹಾಕುವುದಲ್ಲ. ಸುಮ್ಮನಿರುವುದೇ ಒಂದು ನಿರ್ಣಯ. ರಿಯಾದ್‌ನಲ್ಲಿ ಬಾಗಿಲುಗಳು ತೆರೆಯಬಾರದೆಂದು ಯಾರೂ ಹಗೆಯಿಂದ ಬಗೆಯಲಿಲ್ಲ. ತೆರೆಯಬೇಕೆಂಬುದು ಮಾತ್ರ ವೇಳೆಯೊಳಗೆ ನಿಶ್ಚಯವಾಗಲಿಲ್ಲ, ಫಲ ಒಂದೇ.

ಇದನ್ನು ಹೇಳುವಾಗ, ಪೀಠದಲ್ಲಿ ಕುಳಿತಿದ್ದ ನಾಯಕನನ್ನು ಮನೆಯ ಜಗಲಿಯಲ್ಲಿ ಕುಳಿತು ಖಂಡಿಸುವುದು ಉಚಿತವಲ್ಲವೆಂಬುದನ್ನೂ ಮರೆಯಬಾರದು. ಅವನಿಗೆ ಕಂಡುದಿಷ್ಟು, ಕೇಳಿಸಿದುದಿಷ್ಟು, ದೊರೆತ ಕಾಲ ಇಷ್ಟು. ಓದುವವರಿಗಾದರೋ ಕಥೆಯ ಕೊನೆ ಮೊದಲೇ ತಿಳಿದಿದೆ. ಅವನನ್ನು ಅಳೆಯಬೇಕಾದ ಕೋಲು ಆ ಕ್ಷಣದಲ್ಲಿ ತಿಳಿಯಬಹುದಾಗಿದ್ದುದೇ ಹೊರತು ಆಮೇಲೆ ತಿಳಿದುಬಂದುದಲ್ಲ. ಆದರೆ ತಿಳಿಯಬಹುದಾಗಿದ್ದುದನ್ನು ತಿಳಿಯಲು ಅವನು ಯತ್ನಿಸಿದನೇ ಎಂದು ಕೇಳುವ ಹಕ್ಕು ಸತ್ತವರಿಗೆ ಇದ್ದೇ ಇದೆ. ಕ್ಷಮೆಗೂ ವಿಮರ್ಶೆಗೂ ವಿರೋಧವಿಲ್ಲ. ಮ್ಯಾಂಚೆಸ್ಟರಿನ ದುರಂತದ ತರುವಾಯ ಬೆಂಕಿಯನ್ನು ತಡೆಯುವ ಪೀಠಗಳೂ, ಹೊಗೆಯಲ್ಲಿ ದಾರಿ ತೋರುವ ನೆಲದ ದೀಪಗಳೂ ವಿಮಾನಗಳಲ್ಲಿ ಬಳಕೆಗೆ ಬಂದುವು. ಅರ್ಧದಷ್ಟು ಬಾಗಿಲುಗಳಿಂದಲೇ ೯೦ ಸೆಕೆಂಡುಗಳೊಳಗೆ ಎಲ್ಲರೂ ಹೊರಬೀಳಬಹುದೆಂದು ಹೊಸ ಬಗೆಯ ವಿಮಾನವು ಸಿದ್ಧಪಡಿಸಿ ತೋರಿಸಬೇಕೆಂಬ ನಿಯಮವೂ ಇದೆ. ಆಪತ್ತು ಬರುವುದಕ್ಕೆ ಮೊದಲು ಮಾಡಿದ ಆಲೋಚನೆಯೇ ಆಪತ್ತಿನಲ್ಲಿ ಕಾಲವಾಗಿ ಒದಗುತ್ತದೆ. ಬರುವುದನ್ನು ಮೊದಲೇ ಕಂಡ ಮೀನು ಕಥೆಯಲ್ಲಿ ಮೊದಲು ಬರುವುದು ಇದಕ್ಕಾಗಿಯೇ ಇರಬಹುದು.

ಚಿರಕಾರಿಯ ನಿಧಾನದಲ್ಲಿ ಹೊಗಳತಕ್ಕುದು ಅವನು ತಡಮಾಡಿದನೆಂಬುದಲ್ಲ. ತಡಮಾಡಿದಷ್ಟು ಹೊತ್ತೂ ಅವನು ಎಚ್ಚತ್ತಿದ್ದನೆಂಬುದು. ತಂದೆ, ತಾಯಿ, ಧರ್ಮ ಎಲ್ಲವನ್ನೂ ಅವನು ಒಂದೊಂದಾಗಿ ತೂಗುತ್ತಿದ್ದನು. ಮೀನು ಮಾತ್ರ ಮಲಗಿತ್ತು. ಉರಿಯುವ ವಿಮಾನದಲ್ಲಿ ಕಾಯುವವನೂ ಕಾಯಬಹುದು. ಆದರೆ ಕಿಟಕಿಯಿಂದ ಕಿಟಕಿಗೆ ಕಣ್ಣಿಟ್ಟು, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಕಾಯಬೇಕು.