ನಲ್ಲಿ ಬಂದ ಮೇಲೆ ಕೆರೆ ಯಾರದು?



ಕುಂದಗೋಳ ತಾಲ್ಲೂಕಿನ ಸಂಶಿಯ ಸುತ್ತಲಿನ ಎರೆ ಭೂಮಿಯನ್ನು ಬಲ್ಲವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಬಯಲುಸೀಮೆಯಲ್ಲಿ ನೆಲದೊಳಗಿನ ನೀರು ಎಷ್ಟೋ ಕಡೆ ಸವಳು. ಆದ್ದರಿಂದಲೇ ನಮ್ಮ ಹಿರಿಯರು ಕುಡಿಯಲು ಮಳೆನೀರಿನ ಕೆರೆಯನ್ನು ನಂಬಿದರು. ಅದನ್ನು ಹೊಲಸು ಮಾಡುವುದನ್ನು ಊರಿಗೆ ಬಗೆದ ದ್ರೋಹವೆಂದು ತಿಳಿದರು.

ಇಂದು ಸರ್ಕಾರದ ನೆರವು ಎರಡು ದಾರಿಗಳಲ್ಲಿ ಬರುತ್ತಿದೆ. ಒಂದು ದೊಡ್ಡದು: 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಮನೆಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿಯನ್ನಿಟ್ಟುಕೊಂಡಿತು. 1,040 ಕೋಟಿ ರೂಪಾಯಿಗೂ ಮಿಕ್ಕಿದ ಧಾರವಾಡ ಬಹುಗ್ರಾಮ ನೀರು ಪೂರೈಕೆ ಯೋಜನೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಇನ್ನೊಂದು ಚಿಕ್ಕದು: ರಾಜ್ಯವು 2014ರಲ್ಲಿ ತಂದ ಕೃಷಿ ಭಾಗ್ಯ. ಮಳೆಯನ್ನೇ ನಂಬಿದ ರೈತನು ಹೊಲದಲ್ಲಿ ಕೃಷಿ ಹೊಂಡ ತೋಡಿ, ಹರಿದುಹೋಗುವ ನೀರನ್ನು ಹಿಡಿದಿಟ್ಟು, ಮಳೆ ಕೈಕೊಟ್ಟಾಗ ಪೈರಿಗೆ ಉಣಿಸಲೆಂದು ಸಹಾಯಧನ ನೀಡುವ ಯೋಜನೆಯಿದು.

ಯಾವುದು ಮೇಲು ಎಂಬ ವಾದದಲ್ಲಿ ನಾವು ಒಂದು ನೈತಿಕ ಪ್ರಶ್ನೆಯನ್ನು ಮರೆಯುತ್ತೇವೆ: ನೀರಿನ ಹೊಣೆ ಯಾರದು?

ಹೊಂಡ ತೋಡಲು ಹೊಲ ಬೇಕು. ಮಳೆನೀರು ಹಿಡಿಯಲು ಗಟ್ಟಿ ಚಾವಣಿ ಬೇಕು. ಎರಡೂ ಇಲ್ಲದ ಕೂಲಿಯ ತಾಯಿಗೆ ‘ನಿನ್ನ ನೀರನ್ನು ನೀನೇ ಕೂಡಿಸಿಕೋ’ ಎನ್ನುವುದು ಸ್ವಾವಲಂಬನೆಯ ಪಾಠವಲ್ಲ, ಕೈತೊಳೆದುಕೊಳ್ಳುವ ಮಾತು. ಆಕೆಗೆ ನಲ್ಲಿಯ ನೀರು ದಾನವಲ್ಲ, ಹಕ್ಕು. ಆ ಹೊಣೆಯನ್ನು ಸರ್ಕಾರವು ಯಾರ ಹೆಗಲಿಗೂ ದಾಟಿಸುವಂತಿಲ್ಲ.

ಹಾಗೆಯೇ ನಮ್ಮ ಹೊಣೆಯನ್ನೂ ನಾವು ಕೊಳವೆಗೆ ಒಪ್ಪಿಸುವಂತಿಲ್ಲ. ನಲ್ಲಿ ಬಂದ ದಿನವೇ ಕೆರೆಯ ದಂಡೆ ಕಸದ ತಿಪ್ಪೆಯಾದರೆ ಅದು ಅಭಿವೃದ್ಧಿಯೇ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಕೆರೆಯೂ ತಗ್ಗುತ್ತದೆ, ನದಿಯೂ ಸೊರಗುತ್ತದೆ. ಎರಡೂ ಇದ್ದಲ್ಲಿ ಒಂದಕ್ಕೊಂದು ಊರುಗೋಲಾದೀತು. ಒಂದನ್ನೇ ನೆಚ್ಚಿ ಇನ್ನೊಂದನ್ನು ಕೆಡಿಸಿದವರಿಗೆ ಊರುಗೋಲೂ ಇರದು.

ಆದ್ದರಿಂದ ಸರ್ಕಾರವು ಕಟ್ಟುವುದಕ್ಕೆ ಮಾತ್ರವಲ್ಲ, ಹೂಳೆತ್ತಿ ಕಾಪಾಡುವುದಕ್ಕೂ ಹಣವಿಡಲಿ. ಜಲಜೀವನ್ ಮಿಷನ್ನಿನ ನಿಯಮದಂತೆ ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕೊಡ ಹೊತ್ತವರ ಮಾತಿಗೆ ಅಲ್ಲಿ ಬೆಲೆ ಬರಲಿ. ಮುಂದಿನ ಗ್ರಾಮಸಭೆಯಲ್ಲಿ ನೀವು ಎರಡು ಪ್ರಶ್ನೆ ಕೇಳಿ: ಕೊನೆಯ ಮನೆಗೆ ನಲ್ಲಿ ಬಂದಿತೇ? ನಮ್ಮ ಕೆರೆಯನ್ನು ಕಾಯುವವರಾರು? ಮೊದಲನೆಯದಕ್ಕೆ ಅಧಿಕಾರಿಗಳು ಉತ್ತರಿಸಲಿ. ಎರಡನೆಯದಕ್ಕೆ ಉತ್ತರಿಸಬೇಕಾದವರು ನಾವು.